ಮಾಗಿಯ ಮುಂಜಾನೆ ಮುನಿಯುವ ಹಳೆಯ ಡೀಸೆಲ್ ವಾಹನ: ಕಾರಣ ಮತ್ತು ಪರಿಹಾರ

ದೆಹಲಿಯ ಚಳಿಗೆ ಒಗ್ಗಿಕೊಂಡು ದಶಕಗಳನ್ನು ಕಳೆದಿರುವ ನಮ್ಮ ಕನ್ನಡ ಕುಟುಂಬಗಳಿಗೂ ಡಿಸೆಂಬರ್ ಮತ್ತು ಜನವರಿ ತಿಂಗಳುಗಳಲ್ಲಿ ತಪ್ಪದೆ ಎದುರಾಗುವ ತೊಂದರೆಯೊಂದಿದೆ. ಯಮುನೆಗೆ ಸಮೀಪವಿರುವ ಮಯೂರ್ ವಿಹಾರದಲ್ಲಿ ಬಹುಪಾಲು ವಾಹನಗಳು ಫ್ಲಾಟುಗಳ ಕೆಳಗೆ, ಬಯಲಿನಲ್ಲಿಯೇ ರಾತ್ರಿಯನ್ನು ಕಳೆಯುತ್ತವೆ. ಮಂಜು ಕವಿದ ಮುಂಜಾನೆ, ನಿಲ್ದಾಣಕ್ಕೋ ಆಸ್ಪತ್ರೆಗೋ ಹೊರಡಬೇಕಾದ ಹೊತ್ತಿನಲ್ಲಿ, ಹತ್ತು ವರ್ಷ ಮೀರಿದ ಡೀಸೆಲ್ ವಾಹನವು ಹತ್ತಾರು ಬಾರಿ ಕೀಲಿ ತಿರುಗಿಸಿದರೂ ಚಾಲನೆಗೊಳ್ಳುವುದಿಲ್ಲ. ಚಾಲನೆಗೊಂಡರೂ ಗಡಗಡನೆ ನಡುಗಿ, ಓಣಿಯ ತುಂಬ ಬಿಳಿಯ ಹೊಗೆಯನ್ನು ಹರಡುತ್ತದೆ.

ಅದೇ ವಾಹನ ಊರಿನಲ್ಲಿ ಇದ್ದಾಗ ಇಂತಹ ಮೊಂಡುತನವನ್ನು ತೋರಿರಲಿಲ್ಲವೆಂದು ಹಲವರು ಹೇಳುವುದುಂಟು. ಅದಕ್ಕೆ ಕಾರಣವಿದೆ. ಬೆಂಗಳೂರಿನಲ್ಲಿ ದಾಖಲಾಗಿರುವ ಅತ್ಯಂತ ಕಡಿಮೆ ಉಷ್ಣತೆ 7.8 ಡಿಗ್ರಿ ಸೆಲ್ಸಿಯಸ್. ಅದು 1884ರ ಜನವರಿ 13ರಂದು. ದೆಹಲಿಯ ಜನವರಿಗೆ ಅದು ತೀರ ಸಾಧಾರಣವಾದ ಮುಂಜಾನೆ. ಸಫ್ದರ್‌ಜಂಗ್ ವೀಕ್ಷಣಾಲಯದಲ್ಲಿ 2021ರ ಜನವರಿ 1ರಂದು 1.1 ಡಿಗ್ರಿ ದಾಖಲಾಗಿತ್ತು. ಬೆಚ್ಚಗಿನ ಊರಿನಲ್ಲಿ ಅಡಗಿ ಕುಳಿತಿದ್ದ ಸಣ್ಣಪುಟ್ಟ ದೋಷಗಳೆಲ್ಲವೂ ಇಲ್ಲಿನ ಚಳಿಯಲ್ಲಿ ಹೊರಬೀಳುತ್ತವೆ. ಚಳಿಯು ದೋಷವನ್ನು ಹುಟ್ಟಿಸುವುದಕ್ಕಿಂತ, ಇದ್ದ ದೋಷವನ್ನು ತೋರಿಸಿಕೊಡುವುದೇ ಹೆಚ್ಚು.

ಡೀಸೆಲ್ ಎಂಜಿನ್ನಿನ ಸ್ವಭಾವ

ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ ಎಂಜಿನ್ನಿನಲ್ಲಿ ಇಂಧನವನ್ನು ಹೊತ್ತಿಸಲು ವಿದ್ಯುತ್ತಿನ ಕಿಡಿ ಇರಲಿಲ್ಲ. ಇಂದಿನ ಡೀಸೆಲ್ ಎಂಜಿನ್ನುಗಳಲ್ಲಿಯೂ ಇಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಹದಿನಾರರಿಂದ ಇಪ್ಪತ್ತೆರಡು ಪಟ್ಟು ಒತ್ತಿದಾಗ ಅದು ಐನೂರು ಡಿಗ್ರಿಗೂ ಮೀರಿ ಕಾಯುತ್ತದೆ. ಆಗ ಸಿಂಪಡಣೆಯಾದ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಎಂದರೆ ಈ ಎಂಜಿನ್ನಿಗೆ ಬಿಸಿಯೇ ಕಿಡಿ. ಸಿಲಿಂಡರಿನ ಗೋಡೆ ತಣ್ಣಗಿದ್ದರೆ ಅದು ಆ ಬಿಸಿಯನ್ನು ಹೀರಿಕೊಳ್ಳುತ್ತದೆ. ಎಂಜಿನ್ ನಿಧಾನವಾಗಿ ತಿರುಗಿದರೆ ಒತ್ತಿದ ಗಾಳಿ ಸೋರಿಹೋಗಲು ಹೆಚ್ಚಿನ ಸಮಯ ದೊರೆಯುತ್ತದೆ. ಆದ್ದರಿಂದ ಪರೀಕ್ಷಿಸಬೇಕಾದವು ಮೂರು: ಎಂಜಿನ್ ತಕ್ಕಷ್ಟು ವೇಗವಾಗಿ ತಿರುಗುತ್ತಿದೆಯೇ? ಬಿಸಿ ದೊರೆಯುತ್ತಿದೆಯೇ? ಇಂಧನ ತಲುಪುತ್ತಿದೆಯೇ? ಈ ಅನುಕ್ರಮವನ್ನು ಬಿಟ್ಟು ಮೊದಲೇ ಪಂಪು, ನಾಝಲ್‌ಗಳನ್ನು ಬಿಚ್ಚಿಸಿದರೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗುತ್ತದೆ.

ಮೊದಲು ಸದ್ದನ್ನು ಕೇಳಿ

ಸೆಲ್ಫ್ ತಿರುಗುವ ಸದ್ದು ಎಳೆದೆಳೆದು ಬರುತ್ತಿದ್ದರೆ ದೃಷ್ಟಿ ಬ್ಯಾಟರಿಯ ಕಡೆಗೆ ಹರಿಯಲಿ. ಉಷ್ಣತೆ ಸೊನ್ನೆಯ ಹತ್ತಿರಕ್ಕೆ ಇಳಿದಾಗ ಸೀಸದ ಬ್ಯಾಟರಿಯ ಶಕ್ತಿ ಸುಮಾರು ಕಾಲುಭಾಗದಿಂದ ಮೂರನೆಯ ಒಂದು ಭಾಗದಷ್ಟು ಕುಗ್ಗುತ್ತದೆ. ಎಂಜಿನ್ ಆಯಿಲ್ ಗಟ್ಟಿಯಾಗಿರುವುದರಿಂದ ಹೊರೆಯೂ ಅದೇ ಹೊತ್ತಿಗೆ ಹೆಚ್ಚುತ್ತದೆ. ವಾಹನವನ್ನು ನಿಲ್ಲಿಸಿ ಕೆಲವು ಗಂಟೆಗಳಾದ ಮೇಲೆ ಮಲ್ಟಿಮೀಟರಿನಲ್ಲಿ 12.6 ವೋಲ್ಟ್ ತೋರಿದರೆ ಬ್ಯಾಟರಿ ತುಂಬಿದೆ, 12.2 ಎಂದರೆ ಅರ್ಧ. ಸೆಲ್ಫ್ ತಿರುಗುವಾಗ ಅದು 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ಸೋತಿದೆ ಎಂದು ತಿಳಿಯಬಹುದು. ಹೊಸದನ್ನು ಕೊಳ್ಳುವ ಮುನ್ನ ಅದರ ತುದಿಗಳಲ್ಲಿ ಕಟ್ಟಿರುವ ಬಿಳಿಯ ಪುಡಿಯನ್ನು ಬಿಸಿನೀರಿನಿಂದ ತೊಳೆದು, ಎಂಜಿನ್ನಿನಿಂದ ಚಾಸಿಗೆ ಹೋಗುವ ಅರ್ಥ್ ಪಟ್ಟಿಯನ್ನು ಬಿಗಿಗೊಳಿಸಿ ನೋಡಬೇಕು.

ಆಯಿಲ್ ಡಬ್ಬಿಯ ಮೇಲಿನ ಅಂಕಿಯನ್ನೂ ಗಮನಿಸಿ. 20ಡಬ್ಲ್ಯು-50 ಎಂಬ ದರ್ಜೆಗಿಂತ 15ಡಬ್ಲ್ಯು-40 ಚಳಿಯಲ್ಲಿ ಹಗುರವಾಗಿ ಹರಿಯುತ್ತದೆ. ಮೊದಲ ಅಂಕಿ ಚಿಕ್ಕದಾದಷ್ಟೂ ಚಳಿಗೆ ಹಿತ. ಆದರೆ ವಾಹನದ ಕೈಪಿಡಿ ಒಪ್ಪುವ ದರ್ಜೆಗಳಲ್ಲಿಯೇ ಆರಿಸಿಕೊಳ್ಳತಕ್ಕದ್ದು.

ಹೀಟರ್ ಪ್ಲಗ್

ಸೆಲ್ಫ್ ಚುರುಕಾಗಿ ತಿರುಗಿಯೂ ಎಂಜಿನ್ ಹೊತ್ತಿಕೊಳ್ಳದಿದ್ದರೆ, ಅಥವಾ ಹೊತ್ತಿಕೊಂಡು ಮೊದಲ ಒಂದೆರಡು ನಿಮಿಷ ಮಿಸ್ಸಿಂಗ್ ಹೊಡೆದು ಅನಂತರ ಸರಿಹೋದರೆ, ಹೀಟರ್ ಪ್ಲಗ್‌ಗಳ ಮೇಲೆ ಸಂಶಯ ಪಡಬಹುದು. ಸಿಲಿಂಡರಿಗೊಂದರಂತೆ ಇರುವ ಈ ಪುಟ್ಟ ಕಡ್ಡಿಗಳು ಕೆಲವೇ ಸೆಕೆಂಡುಗಳಲ್ಲಿ ಕೆಂಪಗೆ ಕಾದು ಒಳಗಿನ ಗಾಳಿಯನ್ನು ಬಿಸಿಮಾಡುತ್ತವೆ. ಡ್ಯಾಶ್‌ಬೋರ್ಡಿನ ಸುರುಳಿಯಾಕಾರದ ದೀಪ ಆರುವ ತನಕ ಕಾಯದೆ ಸೆಲ್ಫ್ ಕೊಡುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಬೆಂಗಳೂರಿನಲ್ಲಿ ಅದು ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ. ದೀಪ ಹೊತ್ತಿಕೊಂಡ ಮಾತ್ರಕ್ಕೆ ಪ್ಲಗ್‌ಗಳೆಲ್ಲವೂ ಸರಿಯಾಗಿವೆ ಎಂದೂ ಅರ್ಥವಲ್ಲ. ಎಂಜಿನ್ ತಣ್ಣಗಿರುವಾಗ ತಂತಿಯನ್ನು ಬಿಡಿಸಿ ಮಲ್ಟಿಮೀಟರಿನಿಂದ ಒಂದೊಂದನ್ನೂ ಅಳೆದರೆ, ಒಳ್ಳೆಯ ಪ್ಲಗ್ ಒಂದೆರಡು ಓಮ್‌ಗಿಂತ ಹೆಚ್ಚಿನ ರೋಧವನ್ನು ತೋರುವುದಿಲ್ಲ. ಸತ್ತ ಪ್ಲಗ್‌ನಲ್ಲಿ ವಿದ್ಯುತ್ತು ಹರಿಯುವುದೇ ಇಲ್ಲ. ಈಚಿನ ಕೆಲವು ಎಂಜಿನ್ನುಗಳ ಪ್ಲಗ್‌ಗಳು ಕಡಿಮೆ ವೋಲ್ಟೇಜಿನವು. ಅವುಗಳಿಗೆ ನೇರವಾಗಿ 12 ವೋಲ್ಟ್ ಕೊಟ್ಟು ಪರೀಕ್ಷಿಸಿದರೆ ಸುಟ್ಟುಹೋಗುತ್ತವೆ. ಎಲ್ಲ ಪ್ಲಗ್‌ಗಳೂ ಸರಿಯಾಗಿದ್ದರೆ ಅವುಗಳಿಗೆ ವಿದ್ಯುತ್ತು ಹರಿಸುವ ರಿಲೇಯನ್ನು ನೋಡಬೇಕು.

ಇಂಧನದ ಮಾರ್ಗ

ಡೀಸೆಲ್‌ನಲ್ಲಿ ಮೇಣದ ಅಂಶವಿದೆ. ಚಳಿ ಹೆಚ್ಚಿದಂತೆ ಅದು ಹರಳುಗಟ್ಟಿ ಫಿಲ್ಟರನ್ನು ಮುಚ್ಚುತ್ತದೆ. ಇದಕ್ಕಾಗಿಯೇ ಐಎಸ್ 1460 ಎಂಬ ಭಾರತೀಯ ಮಾನಕವು ಎರಡು ಋತುಗಳಿಗೆ ಎರಡು ಮಿತಿಗಳನ್ನು ವಿಧಿಸಿದೆ: ತಣ್ಣಗಿನ ಡೀಸೆಲ್ ಫಿಲ್ಟರಿನ ಮೂಲಕ ಹರಿಯಬಲ್ಲ ಕನಿಷ್ಠ ಉಷ್ಣತೆ ಚಳಿಗಾಲದಲ್ಲಿ 6 ಡಿಗ್ರಿಯನ್ನು, ಬೇಸಿಗೆಯಲ್ಲಿ 18 ಡಿಗ್ರಿಯನ್ನು ಮೀರಕೂಡದು. ಆದಕಾರಣ ಸೆಪ್ಟೆಂಬರಿನಲ್ಲಿ ಟ್ಯಾಂಕು ತುಂಬಿಸಿ, ವಾಹನವನ್ನು ಅಷ್ಟಾಗಿ ಬಳಸದೆ ಜನವರಿಯ ತನಕ ನಿಲ್ಲಿಸಿದವರಿಗೆ ತೊಂದರೆ ಹೆಚ್ಚು. ನವೆಂಬರಿನಿಂದಾಚೆಗೆ ಹೊಸ ಡೀಸೆಲ್ ತುಂಬಿಸುವುದೇ ಇದಕ್ಕೆ ಸುಲಭವಾದ ಉಪಾಯ. ಶಿಮ್ಲಾ, ಮನಾಲಿಯ ಕಡೆಗೆ ಹೊರಟವರು ದೆಹಲಿಯ ಡೀಸೆಲನ್ನು ದಾರಿಯಲ್ಲಿ ಆದಷ್ಟು ವ್ಯಯಿಸಿ, ಬೆಟ್ಟದ ಮೇಲಿನ ಪಂಪಿನಲ್ಲಿ ತುಂಬಿಸಿಕೊಳ್ಳುವುದು ಲೇಸು. ಲಡಾಖಿನಂತಹ ಪ್ರದೇಶಗಳಿಗೆ ಸೊನ್ನೆಗಿಂತ 33 ಡಿಗ್ರಿ ಕೆಳಗೂ ಹೆಪ್ಪುಗಟ್ಟದ ವಿಶೇಷ ಡೀಸೆಲನ್ನು ಇಂಡಿಯನ್ ಆಯಿಲ್ ಸಂಸ್ಥೆ 2019ರ ನವೆಂಬರಿನಲ್ಲಿ ಬಿಡುಗಡೆ ಮಾಡಿತು.

ಟ್ಯಾಂಕಿನ ಖಾಲಿ ಭಾಗದಲ್ಲಿ ರಾತ್ರಿಯ ತೇವ ನೀರಾಗಿ ಇಳಿಯುತ್ತದೆ. ಆದ್ದರಿಂದ ಚಳಿಗಾಲದಲ್ಲಿ ಟ್ಯಾಂಕನ್ನು ಅರ್ಧಕ್ಕಿಂತ ಮೇಲೆಯೇ ಇಟ್ಟುಕೊಂಡು, ಫಿಲ್ಟರಿನ ಕೆಳಗಿನ ತಿರುಪನ್ನು ಸಡಿಲಿಸಿ ತಿಂಗಳಿಗೊಮ್ಮೆ ನೀರನ್ನು ಇಳಿಸುವುದು ಉಚಿತ.

ಇನ್ನೊಂದು ಗುಪ್ತಶತ್ರು ಗಾಳಿ. ಹಳೆಯ ರಬ್ಬರ್ ಕೊಳವೆಗಳು ಚಳಿಗೆ ಬಿರುಸಾಗಿ, ಕ್ಲಿಪ್ಪುಗಳ ಬಳಿ ಕೂದಲೆಳೆಯಷ್ಟು ಸಂದು ಬಿಡುತ್ತವೆ. ಅಲ್ಲಿಂದ ಗಾಳಿ ನುಸುಳಿ, ರಾತ್ರಿಯೆಲ್ಲ ಡೀಸೆಲ್ ಹಿಂದಕ್ಕೆ ಟ್ಯಾಂಕಿಗೆ ಸರಿಯುತ್ತದೆ. ಫಿಲ್ಟರಿನ ಮೇಲೆ ಕೈಪಂಪು ಇರುವ ವಾಹನಗಳಲ್ಲಿ, ಬೆಳಗ್ಗೆ ಅದು ಗಟ್ಟಿಯಾಗುವವರೆಗೆ ಒತ್ತಿ ಆಮೇಲೆ ಸೆಲ್ಫ್ ಕೊಡಿ. ಒಡನೆಯೇ ಚಾಲನೆಗೊಂಡರೆ ದೋಷ ಕೊಳವೆಯಲ್ಲಿದೆ ಎಂಬುದು ಬಹುಮಟ್ಟಿಗೆ ಖಚಿತ. ಕೆಲವೇ ರೂಪಾಯಿಗಳ ಕ್ಲಿಪ್ಪು, ವಾಷರುಗಳಿಂದ ಅದು ಪರಿಹಾರವಾಗುತ್ತದೆ. ಆದರೆ ಕಾಮನ್ ರೈಲ್ ಎಂಜಿನ್ನುಗಳಲ್ಲಿ ನಾಝಲ್‌ಗಳಿಗೆ ಹೋಗುವ ಉಕ್ಕಿನ ಕೊಳವೆಗಳನ್ನು ಎಂದಿಗೂ ಸಡಿಲಿಸಕೂಡದು. ಅಲ್ಲಿ ಒತ್ತಡ ಸಾವಿರ ಬಾರ್‌ಗೂ ಹೆಚ್ಚು. ಚಿಮ್ಮಿದ ಡೀಸೆಲ್ ಚರ್ಮವನ್ನೇ ಭೇದಿಸುತ್ತದೆ.

ಹೊಗೆಯ ಬಣ್ಣ ಹೇಳುವುದು

ಚಾಲನೆಗೊಂಡ ಕೂಡಲೇ ತೆಳ್ಳಗೆ ಬಂದು ಗಾಳಿಯಲ್ಲಿ ಕರಗಿಹೋಗುವುದು ಬರಿಯ ಹಬೆ, ಅದಕ್ಕೆ ಅಂಜಬೇಕಿಲ್ಲ. ಘಾಟು ವಾಸನೆಯ, ಕಣ್ಣುರಿಸುವ ಬಿಳಿಯ ಹೊಗೆ ಹೊತ್ತದೆ ಉಳಿದ ಡೀಸೆಲ್‌ನದು. ಎಂಜಿನ್ ಕಾದ ಮೇಲೂ ಬಿಳಿಯ ಹೊಗೆ ನಿಲ್ಲದೆ, ರೇಡಿಯೇಟರಿನ ಕೂಲಂಟ್ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಅಂತಹ ವಾಹನವನ್ನು ಓಡಿಸಕೂಡದು. ನೀಲಿ ಹೊಗೆ ಎಂಜಿನ್ ಆಯಿಲ್ ಸುಡುತ್ತಿರುವುದರ ಗುರುತು. ಕಪ್ಪು ಹೊಗೆಗೆ ಮುಚ್ಚಿಹೋದ ಏರ್ ಫಿಲ್ಟರ್ ಅಥವಾ ಸವೆದ ನಾಝಲ್ ಕಾರಣವಾಗಿರಬಹುದು.

ಹೊರಟ ಮೇಲೂ ಬಿಸಿಯಾಗದಿದ್ದರೆ

ಹತ್ತು ಕಿಲೋಮೀಟರ್ ಓಡಿದರೂ ಉಷ್ಣತೆಯ ಮುಳ್ಳು ಮೇಲೇರದೆ, ಒಳಗಿನ ಹೀಟರ್ ಬೆಚ್ಚಗಾಗದೆ, ಮೈಲೇಜ್ ಇಳಿದಿದ್ದರೆ ಥರ್ಮೋಸ್ಟಾಟನ್ನು ಪರೀಕ್ಷಿಸಬೇಕು. ಸುಮಾರು 82 ಡಿಗ್ರಿಯ ತನಕ ಮುಚ್ಚಿಕೊಂಡಿದ್ದು ಎಂಜಿನ್ನನ್ನು ಬೇಗ ಕಾಯಿಸುವುದು ಅದರ ಕೆಲಸ. ಬೇಸಿಗೆಯಲ್ಲಿ ಎಂಜಿನ್ ಕುದಿಯುತ್ತದೆಂದು ಕೆಲವು ಮಿಸ್ತ್ರಿಗಳು ಅದನ್ನು ಕಿತ್ತೇ ಬಿಡುತ್ತಾರೆ. ಅದರ ಫಲವನ್ನು ಮಾಲೀಕರು ಚಳಿಗಾಲದಲ್ಲಿ ಅನುಭವಿಸುತ್ತಾರೆ. ರೇಡಿಯೇಟರಿಗೆ ಬರಿಯ ನೀರನ್ನು ತುಂಬಿಸಿ ಬೆಟ್ಟಕ್ಕೆ ಹೋಗುವುದೂ ಸಲ್ಲದು. ನೀರು ಮಂಜುಗಡ್ಡೆಯಾಗಿ ಹಿಗ್ಗಿದರೆ ಎಂಜಿನ್ ಬ್ಲಾಕೇ ಬಿರಿಯಬಹುದು.

ಮಾಡಬಾರದ ಕೆಲಸಗಳು

ಟ್ಯಾಂಕಿನ ಕೆಳಗೆ ಬೆಂಕಿ ಹಿಡಿಯುವುದು ಪ್ರಾಣಾಪಾಯದ ಕೆಲಸ. ಹೀಟರ್ ಪ್ಲಗ್ ಇರುವ ಎಂಜಿನ್ನಿಗೆ ಈಥರ್ ಸಿಂಪಡಿಸಿದರೆ ಅದು ಅಕಾಲದಲ್ಲಿ ಸ್ಫೋಟಗೊಂಡು ಪಿಸ್ಟನ್ನನ್ನೇ ಮುರಿಯಬಹುದು. ಸೀಮೆಎಣ್ಣೆ ಬೆರೆಸುವ ಹಳೆಯ ಪದ್ಧತಿಯಿಂದ ಪಂಪಿಗೆ ಜಿಡ್ಡು ಸಾಲದೆ ಅದು ಸವೆಯುತ್ತದೆ. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಕಾಯಿಸಿದರೆ ಕಣ್ಣಿಗೆ ಕಾಣದ ಕಾರ್ಬನ್ ಮಾನಾಕ್ಸೈಡ್ ಕೊಲ್ಲುತ್ತದೆ. ಬಯಲಿನಲ್ಲಿಯೂ ಅರ್ಧ ನಿಮಿಷದಿಂದ ಒಂದು ನಿಮಿಷ ಸಾಕು. ಅನಂತರ ನಿಧಾನವಾಗಿ ಓಡಿಸುತ್ತ ಕಾಯಿಸುವುದೇ ಸರಿಯಾದ ಕ್ರಮ.

ವಯಸ್ಸಿನ ಪ್ರಶ್ನೆ

ರಾಜಧಾನಿ ಪ್ರದೇಶದಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ನಿಷೇಧಿಸಿತು; ಸರ್ವೋಚ್ಚ ನ್ಯಾಯಾಲಯವು 2018ರ ಅಕ್ಟೋಬರಿನಲ್ಲಿ ಅದನ್ನು ಎತ್ತಿಹಿಡಿಯಿತು. 2025ರ ಆಗಸ್ಟ್ 12ರಂದು ಇದೇ ನ್ಯಾಯಾಲಯವು ವಯಸ್ಸಿನ ಕಾರಣಕ್ಕಾಗಿ ಬಲವಂತದ ಕ್ರಮ ಕೈಗೊಳ್ಳಬಾರದೆಂದು ಆದೇಶಿಸಿ, ಡಿಸೆಂಬರ್ 17ರಂದು ಆ ರಕ್ಷಣೆಯನ್ನು ಬಿಎಸ್-4 ಮತ್ತು ಅನಂತರದ ವಾಹನಗಳಿಗೆ ಸೀಮಿತಗೊಳಿಸಿತು. ಹೀಗೆ ಆದೇಶಗಳು ಬದಲಾಗುತ್ತ ಬಂದಿರುವುದರಿಂದ, ದೊಡ್ಡ ಖರ್ಚಿನ ರಿಪೇರಿಗೆ ಕೈಹಾಕುವ ಮುನ್ನ ನೋಂದಣಿ ಪತ್ರದಲ್ಲಿ ಬಿಎಸ್ ದರ್ಜೆಯನ್ನೂ ಸಾರಿಗೆ ಇಲಾಖೆಯ ಇತ್ತೀಚಿನ ಪ್ರಕಟಣೆಯನ್ನೂ ನೋಡಿಕೊಳ್ಳುವುದು ವಿವೇಕ.

ಗಾಳಿ ತೀರ ಕೆಟ್ಟಾಗ ಜಾರಿಗೆ ಬರುವ ಗ್ರ್ಯಾಪ್ ಕ್ರಮಗಳ ಮೂರನೆಯ ಹಂತದಲ್ಲಿ ಬಿಎಸ್-4 ಡೀಸೆಲ್ ಕಾರುಗಳನ್ನೂ ನಿರ್ಬಂಧಿಸಿದ್ದುಂಟು. ಅಂತಹ ದಿನಗಳಲ್ಲಿ ವಾರಗಟ್ಟಲೆ ನಿಂತ ವಾಹನದ ಬ್ಯಾಟರಿ ಇಳಿದು, ನಿರ್ಬಂಧ ತೆರವಾದ ಮುಂಜಾನೆಯೇ ಅದು ಕೈಕೊಡುತ್ತದೆ. ನಿಂತಲ್ಲಿಯೇ ಎಂಜಿನ್ ಓಡಿಸಿ ಹೊಗೆ ಹರಡುವುದಕ್ಕಿಂತ, ಬ್ಯಾಟರಿಯನ್ನು ಚಾರ್ಜರಿಗೆ ಹಚ್ಚುವುದು ಮೇಲು.

ಚಳಿಯಲ್ಲಿ ಸರಿಯಾಗಿ ಹೊತ್ತದ ಡೀಸೆಲ್ ನಮ್ಮ ಕಿಸೆಗೂ ನಷ್ಟ, ಮೇಲಿನ ಅಂತಸ್ತಿನಲ್ಲಿ ಕೆಮ್ಮುತ್ತಿರುವ ಹಿರಿಯರಿಗೂ ಶಾಲೆಯ ಬಸ್ಸಿಗೆ ಕಾದು ನಿಂತ ಮಕ್ಕಳಿಗೂ ಕೇಡು. ದೀಪಾವಳಿ ಕಳೆದ ಕೂಡಲೇ ಬ್ಯಾಟರಿ, ಹೀಟರ್ ಪ್ಲಗ್, ಫಿಲ್ಟರ್, ಕೊಳವೆ, ಥರ್ಮೋಸ್ಟಾಟ್ ಈ ಐದನ್ನೂ ಒಮ್ಮೆ ಪರೀಕ್ಷೆ ಮಾಡಿಸಿಕೊಂಡರೆ ಮಾಗಿಯ ಮುಂಜಾನೆಗಳು ನಿಶ್ಚಿಂತೆಯಾಗಿ ಕಳೆಯುತ್ತವೆ. ಇಷ್ಟೆಲ್ಲ ಮಾಡಿಸಿದ ಮೇಲೂ ಹೊಗೆ ನಿಲ್ಲದ ವಾಹನಕ್ಕೆ ವಿಶ್ರಾಂತಿ ಕೊಡುವ ಕಾಲ ಬಂದಿದೆಯೆಂದು ಒಪ್ಪಿಕೊಳ್ಳುವುದು ನೆರೆಹೊರೆಗೆ ನಾವು ಸಲ್ಲಿಸಬೇಕಾದ ಕರ್ತವ್ಯವೇ ಸರಿ.