ಧರ್ಮಪರಂಪರೆಯೂ ರಾಷ್ಟ್ರದ ತಳಹದಿಯೂ

ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನಲ್ಲಿ ಬೆಲ್ಲದ ಬಾಗೇವಾಡಿಯೆಂಬ ಊರಿದೆ. ಬಸವಣ್ಣನವರ ಜನ್ಮಸ್ಥಳವೆಂದು ಪ್ರಸಿದ್ಧವಾದ ಬಾಗೇವಾಡಿ ಇದಲ್ಲ. ಅದು ವಿಜಯಪುರ ಜಿಲ್ಲೆಯದು. ಹೆಸರಿನ ಸಾಮ್ಯದಿಂದ ದಾರಿತಪ್ಪುವವರುಂಟು. ಆದರೆ ರಾಷ್ಟ್ರವೊಂದರ ಮೂಲತತ್ತ್ವಗಳನ್ನು ರೂಪಿಸುವಲ್ಲಿ ಧರ್ಮಪರಂಪರೆಗಳ ಪಾಲೆಷ್ಟು ಎಂದು ನಾವು ವಿಚಾರಿಸ ಹೊರಟರೆ, ಈ ಸೀಮೆಯೂ ಸಾಕ್ಷಿ ನುಡಿಯಬಲ್ಲುದು.

1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಮಹಾಧಿವೇಶನ ನೆರೆಯಿತು. ಅಸ್ಪೃಶ್ಯತೆಯು ಸ್ವರಾಜ್ಯಕ್ಕೆ ಅಡ್ಡಿಯೆಂದು ಅಧ್ಯಕ್ಷಭಾಷಣ ಸಾರಿತು. ಮರುವರ್ಷವೇ ನಿಪ್ಪಾಣಿಯಲ್ಲಿ ಕೂಡಿದ ಬಹಿಷ್ಕೃತವರ್ಗಗಳ ಪರಿಷತ್ತಿನಲ್ಲಿ ಡಾ. ಅಂಬೇಡ್ಕರರು ಮಾತನಾಡಿದರು. ಬೆಳಗಾವಿಯಿಂದ ನಿಪ್ಪಾಣಿಗೆ ಹೋಗುವ ಹೆದ್ದಾರಿ ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರವನ್ನು ಹಾಯ್ದೇ ಹೋಗುವುದು. ಹಾದಿ ಒಂದೇ, ದೃಷ್ಟಿ ಎರಡು: ಒಬ್ಬರಿಗೆ ಅಸ್ಪೃಶ್ಯತೆ ಹಿಂದೂಧರ್ಮಕ್ಕಂಟಿದ ಪಾಪ, ಸವರ್ಣೀಯರ ಹೃದಯ ಶುದ್ಧಿಯಾದಲ್ಲದೆ ಅದು ತೊಲಗದು, ಇನ್ನೊಬ್ಬರಿಗೆ ಅದು ಕಸಿದುಕೊಳ್ಳಲ್ಪಟ್ಟ ಹಕ್ಕು, ಕಾಯಿದೆಯ ಬಲವಿಲ್ಲದೆ ಮರಳಿ ಬಾರದು.

ಈ ಜಗಳ ಹೊಸದಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ವಿವಾಹವಾಯಿತೆಂದೂ, ಅದಕ್ಕಾಗಿ ತಂದೆಯರಿಬ್ಬರಿಗೂ ಬಿಜ್ಜಳನ ಆಳಿಕೆಯಲ್ಲಿ ಮರಣದಂಡನೆಯಾಯಿತೆಂದೂ ಶರಣಸಂಪ್ರದಾಯ ಹೇಳುತ್ತದೆ. ಮದುವೆ ಮಾಡಿಸಿದವರು ನಡೆಸಿದ್ದು ಧರ್ಮ. ದಂಡಿಸಿದವರು ಕಾಪಾಡಿದೆವೆಂದುಕೊಂಡದ್ದೂ ಧರ್ಮವನ್ನೇ! ಆದುದರಿಂದ ‘ನಮ್ಮ ಸಮತೆಯೆಲ್ಲ ಧರ್ಮದ ಕೊಡುಗೆ’ ಎಂಬ ಸಭಾಮರ್ಯಾದೆಯ ಮಾತು ನಮಗೆ ಅರ್ಧಸತ್ಯವಾಗಿ ಕಾಣುತ್ತದೆ. ಪರಂಪರೆಗೆ ಹಲವು ಕೊರಳುಗಳಿವೆ. ಯಾವುದಕ್ಕೆ ಕಿವಿಗೊಡಬೇಕೆಂಬುದನ್ನು ರಾಷ್ಟ್ರವೇ ಆರಿಸಿಕೊಳ್ಳಬೇಕಾಗುತ್ತದೆ.

ಆ ಆಯ್ಕೆ ನಡೆದದ್ದು ಸಂವಿಧಾನಸಭೆಯಲ್ಲಿ. ಅಸ್ಪೃಶ್ಯತೆಯನ್ನು ರದ್ದುಗೊಳಿಸುವ ವಿಧಿಯನ್ನು 1948ರ ನವೆಂಬರ್ 29ರಂದು ಸಭೆ ಅಂಗೀಕರಿಸಿತು. ಮರುವರ್ಷ ಅಕ್ಟೋಬರ್ 17ರಂದು, ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತರು ಪ್ರಸ್ತಾವನೆಯು ದೇವರ ಹೆಸರಿನಿಂದ ಆರಂಭವಾಗಲೆಂದು ಸೂಚಿಸಿದರು. ಸಾಮೂಹಿಕ ನಂಬಿಕೆಯೊಂದನ್ನು ವ್ಯಕ್ತಿಯ ಮೇಲೆ ಹೇರುವುದು ಅದೇ ಪ್ರಸ್ತಾವನೆ ವಾಗ್ದಾನ ಮಾಡುವ ಶ್ರದ್ಧಾಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಹೃದಯನಾಥ ಕುಂಜ್ರು ಆಕ್ಷೇಪಿಸಿದರು. ಸೂಚನೆಯ ಪರವಾಗಿ 41 ಮತಗಳು, ವಿರುದ್ಧವಾಗಿ 68. ಕುಂಜ್ರು ನಾಸ್ತಿಕತೆಯ ವಾದವನ್ನು ಹೂಡಲಿಲ್ಲವೆಂಬುದನ್ನು ಶ್ರೋತೃಗಳು ಗಮನಿಸಬೇಕು. ಅವರು ಕಾಯಹೊರಟದ್ದು ನಂಬುವವನ ಮನಸ್ಸನ್ನೂ ಹೌದು. ಪ್ರಮಾಣವಚನದಲ್ಲಿ ಇಂದಿಗೂ ದೇವರ ಹೆಸರನ್ನು ಎತ್ತಬಹುದು, ಬಿಡಲೂಬಹುದು. ಇಪ್ಪತ್ತೈದನೆಯ ವಿಧಿ ಧರ್ಮಾಚರಣೆಯ ಸ್ವಾತಂತ್ರ್ಯವನ್ನು ಕೊಟ್ಟು, ಸಾರ್ವಜನಿಕ ಸ್ವರೂಪದ ಹಿಂದೂ ದೇವಾಲಯಗಳನ್ನು ಎಲ್ಲ ವರ್ಗಗಳಿಗೂ ತೆರೆಯಿಸುವ ಅಧಿಕಾರವನ್ನು ಸರ್ಕಾರಕ್ಕೆ ಉಳಿಸಿದೆ.

ಹಾಗಾದರೆ ಸ್ವಾತಂತ್ರ್ಯ, ಸಮಾನತೆ, ಬಂಧುತ್ವಗಳು ಫ್ರಾನ್ಸಿನಿಂದ ಬಂದವೆ? 1954ರಲ್ಲಿ ಆಕಾಶವಾಣಿಯ ಭಾಷಣವೊಂದರಲ್ಲಿ ಅಂಬೇಡ್ಕರರು ಇದನ್ನು ಅಲ್ಲಗಳೆದರು. ತಾವು ಅವನ್ನು ಫ್ರೆಂಚ್ ಕ್ರಾಂತಿಯಿಂದ ಎರವಲು ತಂದಿಲ್ಲ, ಬುದ್ಧನ ಬೋಧನೆಯಿಂದ ಪಡೆದುದೆಂದರು. ಕಾಯಿದೆಯನ್ನು ಕೇಳಿ ಹೊರಟವರೇ, ಕಾಯಿದೆ ಕೈಸೇರಿದ ಮೇಲೆ, ಬೇರನ್ನು ಧರ್ಮದಲ್ಲಿ ಕಂಡರು. ಎರಡು ವರ್ಷಗಳ ತರುವಾಯ, 1956ರ ಅಕ್ಟೋಬರ್ 14ರಂದು, ನಾಗಪುರದಲ್ಲಿ ಅವರು ಬೌದ್ಧದೀಕ್ಷೆಯನ್ನು ಸ್ವೀಕರಿಸಿದರು.