ಹೆಸರು ಬರೆಸುವ ದಿನವೇ ಕನ್ನಡ ಶಾಲೆಯ ಹಣೆಬರಹ

* ಮೇಷ್ಟ್ರು, ಪುಸ್ತಕ, ಅನುದಾನ ಎಲ್ಲಕ್ಕೂ ತಲೆ ಎಣಿಕೆಯೇ ಆಧಾರ
* ಎಂಟನೇ ಕ್ಲಾಸಿಗೆ ಗಡಿ ದಾಟಿದರೆ ಎರಡೂ ಕಡೆ ಸೀಟಿಗೆ ತೊಡಕು

ಆದೋನಿ: ಜೂನ್ 12 ಬಂತೆಂದರೆ ಆಂಧ್ರದಲ್ಲಿ ಶಾಲೆಗಳ ಬಾಗಿಲು ತೆರೆಯುತ್ತದೆ. ಅದಕ್ಕೂ ಮೊದಲೇ ಆದೋನಿ, ಆಲೂರು, ಹಾಲಹರವಿ, ಹೊಳಗುಂದ, ಕೌತಾಳಂ ಕಡೆಯ ಕನ್ನಡ ಮನೆಗಳಲ್ಲಿ ಒಂದೇ ಚರ್ಚೆ. ಮಗುವನ್ನು ಊರ ಕನ್ನಡ ಶಾಲೆಗೆ ಹಾಕೋದೋ, ಇಂಗ್ಲಿಷ್ ಮೀಡಿಯಂಗೆ ಹಾಕೋದೋ, ಇಲ್ಲಾ ಸಿರುಗುಪ್ಪದ ಅಜ್ಜಿ ಮನೇಲಿ ಬಿಟ್ಟು ಓದಿಸೋದೋ?

ಮೇಲ್ನೋಟಕ್ಕೆ ಇದು ಮನೆಯೊಳಗಿನ ಮಾತು. ಆದರೆ ಊರ ಶಾಲೆಗೆ ಎಷ್ಟು ದುಡ್ಡು ಬರಬೇಕು, ಎಷ್ಟು ಮಂದಿ ಮೇಷ್ಟ್ರು ಇರಬೇಕು, ಮುಂದೆ ಅದೇ ಹುಡುಗನಿಗೆ ಕಾಲೇಜು ಸೀಟು ಯಾವ ರಾಜ್ಯದಲ್ಲಿ ಸಿಗಬೇಕು ಎಂಬುದೆಲ್ಲ ಈ ಒಂದು ತೀರ್ಮಾನಕ್ಕೆ ಗಂಟು ಬಿದ್ದಿದೆ. ಸರ್ಕಾರದ ಲೆಕ್ಕ ಗೊತ್ತಿಲ್ಲದೆ ತೀರ್ಮಾನ ಮಾಡಿದವರು ಆಮೇಲೆ ಕಚೇರಿಗಳಿಗೆ ಅಲೆಯಬೇಕಾಗುತ್ತದೆ.

ಬಳ್ಳಾರಿ ಜಿಲ್ಲೆಯ ತಾಲ್ಲೂಕು

ಹೊಸ ತಲೆಮಾರಿನವರಿಗೆ ಮರೆತಿರಬಹುದು, ಆದೋನಿ, ಆಲೂರು ಮತ್ತು ರಾಯದುರ್ಗ ತಾಲ್ಲೂಕುಗಳು ಮದ್ರಾಸ್ ಆಡಳಿತದಲ್ಲಿ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಈ ಮೂರು ಆ ಕಡೆ ಹೋದವು, ಬಳ್ಳಾರಿ, ಹೊಸಪೇಟೆ ಮತ್ತಿತರ ತಾಲ್ಲೂಕುಗಳು ಮೈಸೂರಿಗೆ ಬಂದವು. ಗೆರೆ ಬಿದ್ದರೂ ಬೀಗತನ ಬಿಡಲಿಲ್ಲ. ಸಿರುಗುಪ್ಪದ ಹೆಣ್ಣುಮಗಳು ಆದೋನಿ ಸೀಮೆಗೆ ಸೊಸೆಯಾಗಿ ಬರುವುದು ಇಂದಿಗೂ ನಡೆದಿದೆ. ಉರುಕುಂದ ಈರಣ್ಣನ ಶ್ರಾವಣದ ಜಾತ್ರೆಗೆ, ದೇವರಗಟ್ಟಿನ ಮಾಳ ಮಲ್ಲೇಶ್ವರನ ದಸರಾಕ್ಕೆ ಎರಡೂ ರಾಜ್ಯದ ಜನ ಸೇರುತ್ತಾರೆ.

2011ರ ಜನಗಣತಿಯಂತೆ ಆದೋನಿ ಪುರಸಭೆಯ ಜನಸಂಖ್ಯೆ 1,66,344. ಹತ್ತಿ ಮಾರುಕಟ್ಟೆ, ಜಿನ್ನಿಂಗ್ ಮಿಲ್ಲುಗಳ ಊರಿದು. ತೆಲುಗು, ಕನ್ನಡ, ಉರ್ದು ಮೂರೂ ಬಜಾರಿನಲ್ಲಿ ಕೇಳಿಸುತ್ತವೆ. ಅದೇ ಗಣತಿಯಲ್ಲಿ ಕರ್ನೂಲು ಜಿಲ್ಲೆಯ ಸಾಕ್ಷರತೆ ಶೇ 60ರ ಆಸುಪಾಸು, ಅಂದಿನ ಅವಿಭಜಿತ ಆಂಧ್ರದ ಸರಾಸರಿ ಶೇ 67. 2022ರ ಏಪ್ರಿಲ್‌ನಲ್ಲಿ ನಂದ್ಯಾಲ ಬೇರೆ ಜಿಲ್ಲೆಯಾದ ಮೇಲೆ ಪಶ್ಚಿಮದ ಈ ಮಂಡಲಗಳು ಕರ್ನೂಲಿನಲ್ಲೇ ಉಳಿದಿವೆ.

ನಾಲ್ಕು ಮಕ್ಕಳು, 15 ಸಾವಿರ ರೂಪಾಯಿ

ಶಾಲೆಗೆ ಬರುವ ದುಡ್ಡು ಯಾರೋ ಮನಸ್ಸು ಮಾಡಿ ಕೊಡುವಂಥದ್ದಲ್ಲ. ಸಮಗ್ರ ಶಿಕ್ಷಾ ಯೋಜನೆಯಲ್ಲಿ ಆಂಧ್ರಕ್ಕೆ ಕೇಂದ್ರದ ಪಾಲು ಶೇ 60, ರಾಜ್ಯದ ಪಾಲು ಶೇ 40. ಸೀಮೆಸುಣ್ಣ, ಕರೆಂಟ್ ಬಿಲ್, ನೀರು, ಸಣ್ಣಪುಟ್ಟ ರಿಪೇರಿಗೆ ವರ್ಷಕ್ಕೊಮ್ಮೆ ಸಿಗುವ ಸಂಯುಕ್ತ ಶಾಲಾ ಅನುದಾನಕ್ಕೆ ಮಕ್ಕಳ ಸಂಖ್ಯೆಯೇ ಆಧಾರ. 30 ಮಕ್ಕಳವರೆಗೆ 10 ಸಾವಿರ ರೂಪಾಯಿ, 31ರಿಂದ 100ರವರೆಗೆ 25 ಸಾವಿರ, 101ರಿಂದ 250ರವರೆಗೆ 50 ಸಾವಿರ, 251ರಿಂದ ಒಂದು ಸಾವಿರದವರೆಗೆ 75 ಸಾವಿರ. ಅದಕ್ಕೂ ಮೇಲಿದ್ದರೆ ಒಂದು ಲಕ್ಷ.

ಅಂದರೆ 28 ಮಕ್ಕಳಿರುವ ಶಾಲೆಗೆ ಇನ್ನು ನಾಲ್ಕು ಮಕ್ಕಳು ಸೇರಿದರೆ 10 ಸಾವಿರದ ಜಾಗದಲ್ಲಿ 25 ಸಾವಿರದ ಅರ್ಹತೆ ಬರುತ್ತದೆ. 32 ಇದ್ದದ್ದು 28 ಆದರೆ ಅಷ್ಟೇ ಹಣ ಕೈತಪ್ಪುತ್ತದೆ. ಊರಿನ ನಾಲ್ಕು ಮನೆಯವರು ಒಂದೇ ವರ್ಷ ಮಕ್ಕಳನ್ನು ಬಿಡಿಸಿದರೆ ಉಳಿದ ಮಕ್ಕಳ ಶಾಲೆಯ ಖರ್ಚಿಗೆ ಕತ್ತರಿ ಬಿತ್ತೆಂದೇ ತಿಳಿಯಬೇಕು.

ಮೇಷ್ಟ್ರ ಲೆಕ್ಕವೂ ಹೀಗೇ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಒಂದರಿಂದ ಐದನೇ ತರಗತಿಯ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು, 61ರಿಂದ 90ರವರೆಗೆ ಮೂವರು, 91ರಿಂದ 120ರವರೆಗೆ ನಾಲ್ವರು ಶಿಕ್ಷಕರು. ಇಬ್ಬರೇ ಇದ್ದು ಐದು ತರಗತಿ ನಡೆಸುವಾಗ ಒಬ್ಬರು ಮೀಟಿಂಗಿಗೆ ಹೋದರೆ ಆ ದಿನದ ಪಾಠ ಹೇಗಿರುತ್ತದೆ ಎಂದು ಪಾಲಕರಿಗೆ ಬಿಡಿಸಿ ಹೇಳಬೇಕಿಲ್ಲ.

ಹತ್ತು ಇಲ್ಲವೇ ನಲವತ್ತು

ಮಾತೃಭಾಷೆಯ ಮೇಷ್ಟ್ರನ್ನು ಕೇಳಲು ಹಳೆಯದೊಂದು ಸೂತ್ರ ಇದೆ. 1949ರ ಆಗಸ್ಟ್‌ನಲ್ಲಿ ಪ್ರಾಂತ್ಯಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಪ್ಪಿದಂತೆ, ಇಡೀ ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಮಕ್ಕಳು ಆ ಭಾಷೆಯವರಿದ್ದರೆ ಪ್ರಾಥಮಿಕ ಹಂತದಲ್ಲಿ ಒಬ್ಬ ಶಿಕ್ಷಕರನ್ನು ಕೊಡಬೇಕು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ತಕ್ಕ ಸೌಲಭ್ಯ ಕಲ್ಪಿಸಲು ರಾಜ್ಯಗಳು ಯತ್ನಿಸಬೇಕು ಎನ್ನುತ್ತದೆ. ಸಾಧ್ಯವಾದ ಮಟ್ಟಿಗೆ ಬೋಧನೆ ಮಾತೃಭಾಷೆಯಲ್ಲಿರಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಮೂ ಹೇಳುತ್ತದೆ.

ಇವೆಲ್ಲ ಕೆಲಸಕ್ಕೆ ಬರುವುದು ದಾಖಲೆಯಲ್ಲಿ ಮಕ್ಕಳು ಕನ್ನಡದವರೆಂದು ಕಂಡಾಗ ಮಾತ್ರ. ಮನೆಯಲ್ಲಿ ಕನ್ನಡ ಆಡುವ ಮಗುವಿನ ಅರ್ಜಿಯಲ್ಲಿ ಮಾತೃಭಾಷೆಯ ಜಾಗದಲ್ಲಿ ತೆಲುಗು ಎಂದು ಬಿದ್ದುಬಿಟ್ಟರೆ ಆ ಮಗು ಈ ಲೆಕ್ಕಕ್ಕೆ ಬರುವುದಿಲ್ಲ. ಯಾರೋ ಬರೆದುಕೊಟ್ಟ ಫಾರಂಗೆ ಹೆಬ್ಬೆಟ್ಟು ಒತ್ತಿ ಬರುವ ಪಾಲಕರು ಈ ಒಂದು ಕಾಲಂ ಓದಿಸಿಕೊಂಡು ಬರುವುದು ಒಳ್ಳೆಯದು.

ಮೇಷ್ಟ್ರ ಕೊರತೆಗೆ ಇನ್ನೊಂದು ಬೇರಿದೆ. ಆಂಧ್ರದ ಡಿಎಸ್‌ಸಿ ನೇಮಕಾತಿಯಲ್ಲಿ ಕನ್ನಡ ಮಾಧ್ಯಮದ ಹುದ್ದೆಗೆ ಅರ್ಜಿ ಹಾಕಬೇಕಾದರೆ ಹತ್ತನೇ ತರಗತಿಯನ್ನು ಕನ್ನಡ ಮಾಧ್ಯಮದಲ್ಲಿ ಅಥವಾ ಕನ್ನಡವನ್ನು ಪ್ರಥಮ ಭಾಷೆಯಾಗಿ ಓದಿರಬೇಕು. 2025ರ ಮೆಗಾ ಡಿಎಸ್‌ಸಿಯಲ್ಲಿ ರಾಜ್ಯಕ್ಕೆ 16,347 ಹುದ್ದೆ ಕರೆದರು. ಹುದ್ದೆ ಕರೆದರೂ ಅರ್ಹರು ಬೇಕಲ್ಲ? ಮೀಸಲು ಹುದ್ದೆಗೆ ಆಯಾ ವರ್ಗದಲ್ಲಿ ಕನ್ನಡ ಓದಿದವರು ಸಿಗದಿದ್ದರೆ ಅದು ಖಾಲಿ ಉಳಿಯುವ ಸಂಭವವೇ ಹೆಚ್ಚು. ಇವತ್ತು ಒಂದನೇ ಕ್ಲಾಸಿಗೆ ಕನ್ನಡದ ಮಕ್ಕಳು ಸೇರದಿದ್ದರೆ ಹದಿನೈದು ವರ್ಷದ ಮೇಲೆ ಕನ್ನಡ ಕಲಿಸುವ ಮೇಷ್ಟ್ರೂ ಇಲ್ಲಿಂದ ಬರುವುದಿಲ್ಲ.

ಪುಸ್ತಕದ ಪಾಡು

ಕನ್ನಡ ಮಾಧ್ಯಮದ ಪಠ್ಯಪುಸ್ತಕವನ್ನು ಕರ್ನಾಟಕ ಕಳಿಸುತ್ತದೆ ಎಂದು ಎಷ್ಟೋ ಮಂದಿ ತಿಳಿದಿದ್ದಾರೆ. ಹಾಗಲ್ಲ. ಆಂಧ್ರದ ಪಠ್ಯಕ್ರಮಕ್ಕೆ ಆಂಧ್ರವೇ ತೆಲುಗು, ಇಂಗ್ಲಿಷ್, ಉರ್ದು ಪುಸ್ತಕಗಳ ಜತೆ ಕನ್ನಡ, ತಮಿಳು, ಒಡಿಯಾ ಪುಸ್ತಕಗಳನ್ನೂ ಮಾಡಿಸುತ್ತದೆ. ಮಹಾರಾಷ್ಟ್ರದಲ್ಲಿ ಬಾಲಭಾರತಿ ಸಂಸ್ಥೆ ಜತ್ತ, ಅಕ್ಕಲಕೋಟೆಯ ಮಕ್ಕಳಿಗೆ ಕನ್ನಡ ಪುಸ್ತಕ ಕೊಡುವ ರೀತಿಯೇ ಇದು. ಪಠ್ಯ ಬದಲಾದಾಗ ಅನುವಾದ ಆಗಬೇಕು, ಅಚ್ಚಾಗಬೇಕು, ಕಡಿಮೆ ಪ್ರತಿಗಳು ದೂರದ ಮಂಡಲಕ್ಕೆ ಬರಬೇಕು. ತಡವಾಗುತ್ತದೆ ಎಂಬ ಗಡಿ ಶಾಲೆಗಳ ದೂರಿಗೆ ಕಾರಣ ಇಲ್ಲಿದೆ. ಕಳೆದ ವರ್ಷದ ಸಂಖ್ಯೆ ಕಡಿಮೆ ತೋರಿಸಿದ್ದರೆ ಈ ವರ್ಷ ಪ್ರತಿಯೂ ಕಡಿಮೆ. ಕಡೆಗೆ ಸೀನಿಯರ್‌ಗಳ ಹಳೇ ಪುಸ್ತಕವೇ ಗತಿ.

ಶಾಲಾ ಗ್ರಂಥಾಲಯಕ್ಕೆ ಸಮಗ್ರ ಶಿಕ್ಷಾದಲ್ಲಿ ಪ್ರಾಥಮಿಕ ಶಾಲೆಗೆ 5 ಸಾವಿರ ರೂಪಾಯಿವರೆಗೆ ಅವಕಾಶವಿದೆ. ಆ ದುಡ್ಡಿನಲ್ಲಿ ಕನ್ನಡದ ಕಥೆ ಪುಸ್ತಕ ಎಷ್ಟು ಬಂತು ಎಂದು ಕೇಳುವ ಹಕ್ಕು ಶಾಲಾ ಸಮಿತಿಗಿದೆ. ಕಾಯ್ದೆಯಂತೆ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಅರ್ಧ ಮಹಿಳೆಯರಿರಬೇಕು.

ಇಂಗ್ಲಿಷ್ ಸೆಳೆತ

2019ರ ನವೆಂಬರ್‌ನಲ್ಲಿ ಆಂಧ್ರ ಸರ್ಕಾರ ತನ್ನ ಶಾಲೆಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ತಿರುಗಿಸುವ ಆದೇಶ ಹೊರಡಿಸಿತು. 2020ರ ಏಪ್ರಿಲ್ 15ರಂದು ಹೈಕೋರ್ಟ್ ಅದನ್ನು ರದ್ದು ಮಾಡಿತು. ಆಮೇಲೆ ಸರ್ಕಾರ ಪಾಲಕರ ಅಭಿಪ್ರಾಯ ಸಂಗ್ರಹಿಸಿ, ಶೇ 96.17 ಮಂದಿ ಇಂಗ್ಲಿಷ್, ಶೇ 3.05 ಮಂದಿ ತೆಲುಗು, ಶೇ 0.78 ಮಂದಿ ಇತರ ಭಾಷೆಯ ಮಾಧ್ಯಮ ಕೇಳಿದ್ದಾರೆ ಎಂದಿತು. ಆ ಶೇ 0.78ರಲ್ಲಿ ಕನ್ನಡ, ಉರ್ದು, ತಮಿಳು, ಒಡಿಯಾ ಎಲ್ಲವೂ ಸೇರಿವೆ.

ಇಂಗ್ಲಿಷ್ ಬೇಕೆನ್ನುವ ಪಾಲಕರನ್ನು ದೂರಿ ಫಲವಿಲ್ಲ. ಹತ್ತು ಮುಗಿಸಿ ಇಂಟರ್‌ಗೆ ಹೋದರೆ ಓದು ಬಹುಮಟ್ಟಿಗೆ ಇಂಗ್ಲಿಷ್‌ಗೋ ತೆಲುಗಿಗೋ ಹೊರಳುತ್ತದೆ. "ಕನ್ನಡ ಓದಿ ಏನ್ ಬರ್ತೈತೆ?" ಎಂಬ ಪ್ರಶ್ನೆ ಅದಕ್ಕೇ ಏಳುವುದು. ಕನ್ನಡ ಶಾಲೆ ಉಳಿಯಬೇಕೆಂದರೆ ಅಲ್ಲೇ ಇಂಗ್ಲಿಷ್ ಚೆನ್ನಾಗಿ ಕಲಿಸುವ ಮೇಷ್ಟ್ರು ಬೇಕೆಂದು ಕೇಳುವುದೇ ದಾರಿ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಕರ್ನಾಟಕದ ಸರ್ಕಾರಿ ನೇಮಕಾತಿಯಲ್ಲಿ ಶೇ 5 ಮೀಸಲಾತಿ ಇದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಗುಳೆ ಹೊರಟ ಮನೆಗಳು

ದಸರಾ ಮುಗಿಯುತ್ತಿದ್ದಂತೆ ಕೋಸಿಗಿ, ಕೌತಾಳಂ, ಹೊಳಗುಂದ, ಪೆದ್ದಕಡಬೂರು ಕಡೆಯಿಂದ ಹತ್ತಿ ಬಿಡಿಸಲು, ಮೆಣಸಿನಕಾಯಿ ಕೀಳಲು ಗುಂಟೂರು ಕಡೆಗೆ, ಕಟ್ಟಡ ಕೆಲಸಕ್ಕೆ ಬೆಂಗಳೂರಿಗೆ ಸಂಸಾರ ಸಮೇತ ಹೊರಡುತ್ತಾರೆ. ಯು-ಡೈಸ್ ಗಣತಿಯ ದಿನ ಸೆಪ್ಟೆಂಬರ್ 30. ಆ ದಿನ ಮಗು ಹಾಜರಿ ಪುಸ್ತಕದಲ್ಲಿದೆ, ಸಂಕ್ರಾಂತಿ ಹೊತ್ತಿಗೆ ಬೆಂಚಿನ ಮೇಲಿಲ್ಲ. ಯುಗಾದಿಗೆ ವಾಪಸ್ ಬಂದಾಗ ಪಾಠ ಮುಂದೆ ಹೋಗಿರುತ್ತದೆ, ಮುಂದಿನ ಜೂನ್‌ನಲ್ಲಿ ಹೆಸರೇ ಇರುವುದಿಲ್ಲ.

ಇದಕ್ಕೆ ದುಡ್ಡಿನ ನಷ್ಟವೂ ಸೇರಿಕೊಳ್ಳುತ್ತದೆ. 2025ರ ಜೂನ್‌ನಲ್ಲಿ ಶುರುವಾದ 'ತಲ್ಲಿಕಿ ವಂದನಂ' ಯೋಜನೆಯಲ್ಲಿ ಮಗುವಿಗೆ 15 ಸಾವಿರ ರೂಪಾಯಿ. ಅದರಲ್ಲಿ 13 ಸಾವಿರ ತಾಯಿಯ ಖಾತೆಗೆ, 2 ಸಾವಿರ ಶಾಲೆ ನಿರ್ವಹಣೆಗೆ. ಶೇ 75 ಹಾಜರಿ ಇರಬೇಕು. ಗುಳೆ ಹೋಗುವವರ ಮಕ್ಕಳನ್ನು ಊರಲ್ಲೇ ಇಟ್ಟು ಓದಿಸಲು ಋತುಮಾನ ವಸತಿ ನಿಲಯಗಳಿಗೆ ಸಮಗ್ರ ಶಿಕ್ಷಾದಲ್ಲಿ ಅವಕಾಶವಿದೆ. ದಸರಾಕ್ಕೆ ಮೊದಲೇ ಊರಿನವರು ಪಟ್ಟಿ ಕೊಟ್ಟು ಕೇಳಿದರೆ ಕೆಲಸವಾದೀತು. ಬಸ್ ಹತ್ತಿದ ಮೇಲೆ ಕೇಳಿ ಉಪಯೋಗವಿಲ್ಲ.

ಗಡಿ ದಾಟುವ ಮುನ್ನ

ಎಂಟನೇ ಕ್ಲಾಸಿಗೆ ಮಗುವನ್ನು ಸಿರುಗುಪ್ಪಕ್ಕೋ ಬಳ್ಳಾರಿಗೋ ಕಳಿಸುವವರು ಇದನ್ನು ಗಮನವಿಟ್ಟು ಓದಬೇಕು.

ಸಂವಿಧಾನದ 371ಡಿ ವಿಧಿಯಡಿ ಬಂದ 1974ರ ಆದೇಶದಂತೆ ಆಂಧ್ರದ ಕಾಲೇಜುಗಳಲ್ಲಿ ಶೇ 85 ಸೀಟು ಸ್ಥಳೀಯರಿಗೆ. ಸ್ಥಳೀಯ ಅನ್ನಿಸಿಕೊಳ್ಳಲು ಅರ್ಹತಾ ಪರೀಕ್ಷೆಯ ವರ್ಷಕ್ಕೆ ಮುಗಿಯುವಂತೆ ಸತತ ನಾಲ್ಕು ವರ್ಷ ಆ ಭಾಗದಲ್ಲಿ ಓದಿರಬೇಕು. ಅಂದರೆ ಒಂಬತ್ತು, ಹತ್ತು ಮತ್ತು ಇಂಟರ್‌ನ ಎರಡು ವರ್ಷ. ಹತ್ತನ್ನು ಸಿರುಗುಪ್ಪದಲ್ಲಿ ಮುಗಿಸಿ ಇಂಟರ್‌ಗೆ ಆದೋನಿಗೆ ವಾಪಸ್ ಬಂದರೆ ಈ ನಾಲ್ಕು ವರ್ಷ ತುಂಬುವುದಿಲ್ಲ. ತಂದೆ ಅಥವಾ ತಾಯಿ ಹತ್ತು ವರ್ಷ ಆಂಧ್ರದಲ್ಲಿ ವಾಸವಿದ್ದರೆ ಉಳಿದ ಶೇ 15ರಲ್ಲಿ ಮಾತ್ರ ಅವಕಾಶ.

ಹಾಗಾದರೆ ಅಲ್ಲೇ ಪಿಯುಸಿ ಮುಗಿಸಿದರೆ? ಕರ್ನಾಟಕ ಸಿಇಟಿಯ ಸಾಮಾನ್ಯ ನಿಯಮ, ಒಂದರಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು. ಎಂಟಕ್ಕೆ ಹೋದವನಿಗೆ ಐದೇ ವರ್ಷ. ಆರನೇ ಕ್ಲಾಸಿಗೆ ಹೋದರೆ ಏಳು ತುಂಬುತ್ತದೆ.

ಗಡಿನಾಡು ಕನ್ನಡಿಗರೆಂದು ಸೀಟು ಸಿಗದೇ ಎಂದು ಕೇಳುವವರಿದ್ದಾರೆ. ವಿವಾದಿತ ಗಡಿ ಪ್ರದೇಶಕ್ಕೆಂದು ಇರುವ ಕಲಮಿನಲ್ಲಿ ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ, ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರದ ಹೆಸರುಗಳಿವೆ. ಆದೋನಿ, ಆಲೂರು ಆ ಪಟ್ಟಿಯಲ್ಲಿಲ್ಲ. ಇಲ್ಲಿಯ ಗೆರೆ 1953ರಲ್ಲೇ ಇತ್ಯರ್ಥವಾಯಿತು. ಗಡಿ ಜಗಳ ಇಲ್ಲದ ಊರಿನ ಕನ್ನಡಿಗನಿಗೆ ಆ ಕಲಮಿನ ಲಾಭವೂ ಇಲ್ಲ ಎಂಬಂತಾಗಿದೆ.

ಒಂದು ಬಾಗಿಲು ಮಾತ್ರ ತೆರೆದಿದೆ. ಪಿಯುಸಿಯ ಎರಡೂ ವರ್ಷ ಕರ್ನಾಟಕದಲ್ಲಿ ಓದಿ ಪಾಸಾದವನ ತಂದೆ ಅಥವಾ ತಾಯಿ ಏಳು ವರ್ಷ ಕರ್ನಾಟಕದಲ್ಲಿ ಓದಿದ್ದರೆ ಅದಕ್ಕೆ ಬೇರೆ ಕಲಂ ಇದೆ. ಸಿರುಗುಪ್ಪದಿಂದ ಸೊಸೆಯಾಗಿ ಬಂದ ತಾಯಿ ಏಳನೇ ಕ್ಲಾಸ್ ಅಲ್ಲೇ ಓದಿದ್ದರೆ ಆಕೆಯ ಹಳೇ ಶಾಲೆಯ ವ್ಯಾಸಂಗ ಪ್ರಮಾಣಪತ್ರಕ್ಕೆ ಬೆಲೆ ಇದೆ. ನಿಯಮ ಪರಿಷ್ಕರಣೆ ಆಗುತ್ತಿರುತ್ತದೆ, ಆಯಾ ವರ್ಷದ ಸಿಇಟಿ ಪುಸ್ತಿಕೆ ನೋಡಿಯೇ ಮುಂದುವರಿಯಬೇಕು.

ಪಾಲಕರು ಮಾಡಬೇಕಾದ್ದು

* ದಾಖಲಾತಿ ಅರ್ಜಿಯಲ್ಲಿ ಮಾತೃಭಾಷೆ ಕನ್ನಡ ಎಂದು ಬರೆಸಿ, ಮಾಧ್ಯಮದ ಕಾಲಂ ಓದಿಸಿಕೊಂಡೇ ಸಹಿ ಮಾಡಿ.
* ಒಂದು ತರಗತಿಗೆ ಹತ್ತು ಕನ್ನಡ ಮಕ್ಕಳಿದ್ದರೆ ಎಲ್ಲ ಪಾಲಕರೂ ಸೇರಿ ಮಂಡಲ ಶಿಕ್ಷಣಾಧಿಕಾರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.
* ಸೆಪ್ಟೆಂಬರ್ 30ಕ್ಕೆ ಮುಂಚೆ ನಿಮ್ಮ ಮಗುವಿನ ವಿವರ ಸರಿಯಾಗಿ ಏರಿದೆಯೇ ಎಂದು ಹೆಡ್‌ಮಾಸ್ಟರ್ ಬಳಿ ನೋಡಿ.
* ಗಡಿ ದಾಟಿಸುವುದಿದ್ದರೆ ಐದು ಮುಗಿದ ಕೂಡಲೇ ಇಲ್ಲವೇ ಇಂಟರ್ ಮುಗಿದ ಮೇಲೆ. ನಡುವೆ ದಾಟಿಸುವಾಗ ತಂದೆ-ತಾಯಿ ಓದಿದ ದಾಖಲೆ ಕೈಯಲ್ಲಿರಲಿ.

2010ರ ಕಾಯ್ದೆಯಿಂದ ಬಂದ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಕಟ್ಟಡ, ಕಾರ್ಯಕ್ರಮಗಳಿಗೆ ನೆರವಾಗಬಹುದೇ ಹೊರತು ಆಂಧ್ರದ ಶಾಲೆಗೆ ಮೇಷ್ಟ್ರನ್ನು ನೇಮಿಸಲಾರದು. ಅದು ಆಂಧ್ರ ಸರ್ಕಾರದ ಕೆಲಸ, ಅದಕ್ಕೆ ಬೇಕಾದದ್ದು ಸಂಖ್ಯೆ. ನವೆಂಬರ್ 1ರಂದು ಬಾವುಟ ಹಾರಿಸುವ ಸಂಘಟನೆಗಳು ಜೂನ್ ಮೊದಲ ವಾರ ಮನೆ ಮನೆಗೆ ಹೋಗಿ ಅರ್ಜಿ ತುಂಬಿಸಿಕೊಟ್ಟರೆ ಅದಕ್ಕಿಂತ ದೊಡ್ಡ ಕನ್ನಡದ ಕೆಲಸ ಈ ಸೀಮೆಯಲ್ಲಿ ಬೇರೊಂದಿಲ್ಲ.