ಸೊಪ್ಪು, ಖಾರ ಬೆರೆತ ಹಮ್ಮಸ್: ಕೈರೋದ ಹಳೆಯ ಪಾಕ, ಮನೆಯ ಮಿಕ್ಸಿ

ಬೇಯಿಸಿದ ಕಾಬೂಲ್ ಕಡಲೆ, ಎಳ್ಳನ್ನು ಅರೆದು ಮಾಡಿದ ತಾಹಿನಿ, ನಿಂಬೆರಸ, ಬೆಳ್ಳುಳ್ಳಿ, ಉಪ್ಪು. ಇವಿಷ್ಟನ್ನೂ ನುಣ್ಣಗೆ ರುಬ್ಬಿದರೆ ಹಮ್ಮಸ್. ಲೆಬನಾನ್, ಸಿರಿಯಾ, ಪ್ಯಾಲೆಸ್ಟೀನ್, ಜೋರ್ಡಾನ್, ಇಸ್ರೇಲ್‌ಗಳಲ್ಲಿ ಅದು ದಿನನಿತ್ಯದ ಆಹಾರ. ಎಷ್ಟೋ ಊರುಗಳಲ್ಲಿ ಬೆಳಗಿನ ತಿಂಡಿ. ಕೊತ್ತಂಬರಿ, ಪುದೀನ, ಹಸಿಮೆಣಸಿನಕಾಯಿ ಹಾಕಿ ಹಸಿರಾಗಿಸಿದ ಹಮ್ಮಸ್ ಸೂಪರ್ ಮಾರ್ಕೆಟ್ ಡಬ್ಬಿಗಳ ಕಾಲದಲ್ಲಿ ಹುಟ್ಟಿದ ಹೊಸ ಶೋಕಿ ಎಂದು ಅನೇಕರು ತಿಳಿದಿದ್ದಾರೆ. ಚಾಕೊಲೇಟ್ ಹಮ್ಮಸ್‌ನಂಥ ಡಬ್ಬಿಗಳನ್ನು ಕಂಡವರಿಗೆ ಹಾಗೆ ಅನ್ನಿಸುವುದು ಸಹಜ. ಆದರೆ ಸೊಪ್ಪು ಮತ್ತು ಖಾರದ ವಿಷಯದಲ್ಲಿ ಆ ತಿಳಿವಳಿಕೆ ತಲೆಕೆಳಗು. ಬರವಣಿಗೆಯಲ್ಲಿ ಉಳಿದಿರುವ ಅತಿ ಹಳೆಯ ಹಮ್ಮಸ್‌ಗಳ ತುಂಬ ಸೊಪ್ಪು, ಮಸಾಲೆಗಳೇ ಇವೆ. ಈಗ ‘ಅಸಲಿ’ ಎನ್ನಿಸಿಕೊಂಡಿರುವ ಸಾದಾ ಹಮ್ಮಸ್ ಅವುಗಳ ನಂತರದ್ದು.

ಸಾಕ್ಷಿ ಸಿಗುವುದು 14ನೇ ಶತಮಾನದ ಈಜಿಪ್ಟಿನ ಅರಬ್ಬಿ ಅಡುಗೆ ಗ್ರಂಥಗಳಲ್ಲಿ. ‘ಕಿತಾಬ್ ವಸ್ಫ್ ಅಲ್-ಅತಿಮಾ ಅಲ್-ಮುತಾದಾ’ ಎಂಬುದು ಅವುಗಳಲ್ಲೊಂದು. ಇದನ್ನು ಚಾರ್ಲ್ಸ್ ಪೆರ್ರಿ ಇಂಗ್ಲಿಷಿಗೆ ತಂದರು. 2001ರಲ್ಲಿ ಬಂದ ‘ಮಿಡೀವಲ್ ಅರಬ್ ಕುಕರಿ’ ಸಂಪುಟದಲ್ಲಿ ಅದು ಇದೆ. ಅದರಲ್ಲಿ ‘ಹಮ್ಮಸ್ ಕಸಾ’ ಎಂಬ ಪಾಕವೊಂದು ಕೆಲವೇ ಸಾಲುಗಳಲ್ಲಿ ಮುಗಿದುಹೋಗುತ್ತದೆ. ಆದರೆ ಸಾಮಗ್ರಿಗಳ ಪಟ್ಟಿ ಓದಿದವರು ಮತ್ತೊಮ್ಮೆ ಓದದೆ ಮುಂದೆ ಹೋಗಲಾರರು. ಬೇಯಿಸಿ ಜಜ್ಜಿದ ಕಡಲೆಗೆ ವಿನೆಗರ್, ಎಣ್ಣೆ, ತಾಹಿನಿ ಸೇರುತ್ತವೆ. ಕಾಳುಮೆಣಸು, ಪುದೀನ, ಪಾರ್ಸ್ಲಿ, ಒಣ ಥೈಮ್ ಬೀಳುತ್ತವೆ. ಅಕ್ರೋಟು, ಹೇಝಲ್‌ನಟ್, ಬಾದಾಮಿ, ಪಿಸ್ತಾ ನಾಲ್ಕೂ ಇವೆ. ಸಿಂಹಳದ ದಾಲ್ಚಿನ್ನಿ, ಹುರಿದ ಕ್ಯಾರವೇ, ಕೊತ್ತಂಬರಿ ಬೀಜ, ಉಪ್ಪು, ಆಲಿವ್ ಕಾಯಿ ಇವೆ. ಇಷ್ಟು ಸಾಲದೆಂಬಂತೆ ‘ಅತ್ರಾಫ್ ಅತ್-ತೀಬ್’ ಎಂಬ ಮಸಾಲೆಪುಡಿ ಬೇರೆ. ಏಲಕ್ಕಿ, ಲವಂಗ, ಜಾಯಿಕಾಯಿ, ಜಾಪತ್ರೆ, ಶುಂಠಿ, ಗುಲಾಬಿ ಮೊಗ್ಗು ಮೊದಲಾದವನ್ನು ಕೂಡಿಸಿ ಕುಟ್ಟಿದ ಪುಡಿ ಅದು.

ಪಟ್ಟಿಯಲ್ಲಿ ಇಲ್ಲದ್ದು ಇನ್ನೂ ಸ್ವಾರಸ್ಯಕರ. ಬೆಳ್ಳುಳ್ಳಿ ಇಲ್ಲ, ನಿಂಬೆಹಣ್ಣು ಇಲ್ಲ. ಇವೆರಡು ಇಲ್ಲದ ಹಮ್ಮಸ್ ಅನ್ನು ಇಂದು ಬೈರೂತಿನ ಯಾವ ಅಂಗಡಿಯೂ ಒಪ್ಪಲಾರದು. ಬೆರೆಸಿದ್ದನ್ನು ಅಗಲವಾಗಿ ಹರಡಿ ಒಂದು ರಾತ್ರಿ ಹಾಗೆಯೇ ಬಿಡಬೇಕು ಎಂಬ ಕೊನೆಯ ಸೂಚನೆಯಂತೂ ಅಡುಗೆ ಬಲ್ಲವರ ಮಾತು. ಒಣ ಸೊಪ್ಪು, ಹುರಿದ ಬೀಜಗಳ ಘಮ ಇರುವುದು ಅವುಗಳ ತೈಲದಲ್ಲಿ. ಆ ತೈಲ ಎಳ್ಳು ಮತ್ತು ಬಾದಾಮಿಗಳ ಜಿಡ್ಡಿಗೆ ಇಳಿಯಲು ಹೊತ್ತು ಬೇಕು. ಮಾಡಿದ ತಕ್ಷಣ ಬಿಡಿಬಿಡಿಯಾಗಿ ಬಾಯಿಗೆ ಸಿಗುವ ಮಸಾಲೆ ಮರುದಿನ ಒಂದೇ ರುಚಿಯಾಗಿರುತ್ತದೆ. ಅದೇ ಶತಮಾನದ ಈಜಿಪ್ಟಿನ ‘ಕನ್ಝ್ ಅಲ್-ಫವಾಇದ್’ ಎಂಬ ದೊಡ್ಡ ಗ್ರಂಥದಲ್ಲಿಯೂ ಹಮ್ಮಸ್ ಕಸಾ ಇದೆ. ನವಾಲ್ ನಸ್ರಲ್ಲಾ ಮಾಡಿದ ಅದರ ಇಂಗ್ಲಿಷ್ ಅನುವಾದ 2018ರಲ್ಲಿ ಬಂದಿದೆ. ಸೊಪ್ಪು, ಮಸಾಲೆ ಹಾಕಿದ ಹಮ್ಮಸ್ ಯಾವನೋ ಒಬ್ಬ ಅಡುಗೆಯವನ ಹುಚ್ಚಾಟವಾಗಿರಲಿಲ್ಲ ಎನ್ನಲು ಈ ಎರಡು ಗ್ರಂಥಗಳು ಸಾಕು.

ಆ ಹಮ್ಮಸ್‌ನ ಖಾರ ಮೆಣಸಿನಕಾಯಿಯದ್ದಲ್ಲ. ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. 1492ರ ಕೊಲಂಬಸ್ ಯಾನದ ನಂತರವೇ ಅದು ಸಮುದ್ರ ದಾಟಿತು. ಅದಕ್ಕೂ ಮೊದಲಿನ ಕೈರೋದ ಖಾರವೆಂದರೆ ಕಾಳುಮೆಣಸು. ಅದು ಹೋಗುತ್ತಿದ್ದುದು ಭಾರತದ ಪಶ್ಚಿಮ ಕರಾವಳಿಯಿಂದ, ಏಡನ್ ಮತ್ತು ಕೆಂಪು ಸಮುದ್ರದ ದಾರಿಯಲ್ಲಿ. ಆ ವ್ಯಾಪಾರದಲ್ಲಿ ಕನ್ನಡ ನಾಡಿನ ಕರಾವಳಿಯೂ ಇತ್ತು. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಮಂಗಳೂರಿನಲ್ಲಿ ಹಲವು ವರ್ಷ ನೆಲೆಸಿ, ಮೆಣಸು, ಅಡಿಕೆ, ಕಬ್ಬಿಣವನ್ನು ಏಡನ್‌ಗೆ ಕಳಿಸುತ್ತಿದ್ದ. ಅವನಿಗೆ ಬಂದ ಪತ್ರಗಳು ಕೈರೋದ ಹಳೆಯ ಸಿನಗಾಗ್ ಒಂದರ ಕಾಗದದ ಕೋಣೆಯಲ್ಲಿ ಸಿಕ್ಕಿದವು. ಅವನ ಸೇವಕ ಬೊಮ್ಮನ ಜಾಡು ಹಿಡಿದು ಅಮಿತಾವ್ ಘೋಷ್ 1992ರಲ್ಲಿ ‘ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್’ ಬರೆದರು. 14ನೇ ಶತಮಾನದಲ್ಲಿ, ಹಮ್ಮಸ್ ಕಸಾ ಪುಸ್ತಕ ಸೇರಿದ ಕಾಲಕ್ಕೆ, ಇಬ್ನ್ ಬತೂತ ಹೊನ್ನಾವರಕ್ಕೆ ಬಂದುಹೋಗಿದ್ದ. ಕೈರೋದ ಒರಳಿನಲ್ಲಿ ಕಡಲೆಯೊಡನೆ ಅರೆದ ಮೆಣಸಿನ ಕಾಳುಗಳಲ್ಲಿ ಕೆಲವಾದರೂ ಘಟ್ಟದ ಈ ಬದಿಯವು ಎಂದು ನಂಬಲು ಅಡ್ಡಿಯಿಲ್ಲ.

ನಂತರದ ಶತಮಾನಗಳಲ್ಲಿ ಮಸಾಲೆ ಕರಗಿ, ನಿಂಬೆ–ಬೆಳ್ಳುಳ್ಳಿಯ ಸರಳ ರೂಪ ನೆಲೆಗೊಂಡಿತು. ಅದರ ಒಡೆತನಕ್ಕಾಗಿ ನಡೆದ ಜಗಳ ಎಲ್ಲರಿಗೂ ಗೊತ್ತಿರುವುದೇ. 2008ರಲ್ಲಿ ಲೆಬನಾನಿನ ಉದ್ಯಮಿಗಳು ಹಮ್ಮಸ್ ತಮ್ಮದೆಂದು ಕಾನೂನಿನ ರಕ್ಷಣೆ ಕೇಳಲು ಹೊರಟರು. 2010ರ ಜನವರಿಯಲ್ಲಿ ಇಸ್ರೇಲಿನ ಅಬು ಘೋಷ್ ಗ್ರಾಮದಲ್ಲಿ ಉಪಗ್ರಹ ಸಂಪರ್ಕದ ಡಿಶ್ ಒಂದರೊಳಗೆ ಸುಮಾರು 4 ಟನ್ ಹಮ್ಮಸ್ ತುಂಬಿ ಗಿನ್ನೆಸ್ ದಾಖಲೆ ಮಾಡಿದರು. ಅದೇ ವರ್ಷದ ಮೇ ತಿಂಗಳಲ್ಲಿ ಲೆಬನಾನ್ 10,452 ಕಿಲೋ ಮಾಡಿ ದಾಖಲೆ ಕಿತ್ತುಕೊಂಡಿತು. ದೇಶದ ವಿಸ್ತೀರ್ಣ 10,452 ಚದರ ಕಿಲೋಮೀಟರ್ ಎಂಬುದೇ ಆ ತೂಕದ ಲೆಕ್ಕ. ಈ ಪೈಪೋಟಿ ಸಾದಾ ಹಮ್ಮಸ್ ಅನ್ನೇ ರಾಷ್ಟ್ರಧ್ವಜದಂತೆ ಎತ್ತಿ ಹಿಡಿದದ್ದರಿಂದ ಪ್ರದೇಶ ಪ್ರದೇಶದ ಖಾರದ ಬಗೆಗಳು ಹಿಂದೆ ಸರಿದದ್ದು ದುಃಖದ ಸಂಗತಿ.

ಆ ಬಗೆಗಳು ಸತ್ತಿಲ್ಲ. ‘ಬೈರೂತಿ’ ಹಮ್ಮಸ್‌ಗೆ ಹೆಚ್ಚಿದ ಪಾರ್ಸ್ಲಿ, ಹೆಚ್ಚು ಬೆಳ್ಳುಳ್ಳಿ, ಮೆಣಸಿನಕಾಯಿ ಬೀಳುತ್ತದೆ. ಜೆರುಸಲೆಂ ಸುತ್ತಮುತ್ತಲ ಅಂಗಡಿಗಳಲ್ಲಿ ನಿಂಬೆರಸ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಜಜ್ಜಿದ ‘ತತ್ಬೀಲೆ’ ಎಂಬ ತೆಳು ರಸವನ್ನು ಮೇಲೆ ಸುರಿಯುತ್ತಾರೆ. ಯೆಮೆನ್‌ನ ‘ಝುಗ್’ ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಬೆಳ್ಳುಳ್ಳಿ, ಜೀರಿಗೆ, ಏಲಕ್ಕಿಗಳ ಚಟ್ನಿ. 1949–50ರಲ್ಲಿ ಇಸ್ರೇಲಿಗೆ ವಲಸೆ ಬಂದ ಯೆಮೆನಿ ಯಹೂದಿಗಳ ಜೊತೆ ಅದು ಹಮ್ಮಸ್ ತಟ್ಟೆಗೂ ಬಂತು. ಎಲ್ಲಕ್ಕಿಂತ ಖಾರ ಗಾಝಾದ್ದು. ‘ಝಿಬ್ದಿಯಾ’ ಎಂಬ ಮಣ್ಣಿನ ಬೋಗುಣಿಯಲ್ಲಿ ಮೆಣಸಿನಕಾಯಿ, ಬೆಳ್ಳುಳ್ಳಿ, ಸಬ್ಬಸಿಗೆಯನ್ನು ಮರದ ಗುಂಡಿನಿಂದ ಅರೆಯುವುದು ಅಲ್ಲಿನ ಅಡುಗೆಯ ಗುರುತು. ಲೈಲಾ ಎಲ್-ಹದ್ದಾದ್ ಮತ್ತು ಮ್ಯಾಗಿ ಶ್ಮಿಟ್ ಬರೆದ ‘ದ ಗಾಝಾ ಕಿಚನ್’ ಇದನ್ನು ವಿವರವಾಗಿ ದಾಖಲಿಸಿದೆ. ಸಬ್ಬಸಿಗೆಯ ಜೊತೆ ಖಾರ ಬೆರೆಸುವ ರುಚಿ ಕನ್ನಡದ ಅಡುಗೆಮನೆಗೆ ಹೊಸದಲ್ಲವಾದ್ದರಿಂದ, ಇಲ್ಲಿ ಹಮ್ಮಸ್ ಮಾಡುವವರು ಮೊದಲು ಹಿಡಿಯಬೇಕಾದ ದಾರಿ ಗಾಝಾದ್ದೇ.

ಮನೆಯಲ್ಲಿ ಮಾಡುವಾಗ ಮೊದಲ ಕೆಲಸ ಕಡಲೆಯದು. ಉತ್ತರ ಕರ್ನಾಟಕದ ಎರೆಭೂಮಿಯಲ್ಲಿ ಹಿಂಗಾರಿಗೆ ಬೆಳೆಯುವ ಕಡಲೆ, ಅಣ್ಣಿಗೇರಿ ಊರಿನ ಹೆಸರನ್ನೇ ಪಡೆದ ಪ್ರಸಿದ್ಧ ತಳಿಯೂ ಸೇರಿ, ಬಹುಪಾಲು ಕಂದು ಸಿಪ್ಪೆಯ ದೇಸಿ ಬಗೆ. ಅದರ ಸಿಪ್ಪೆ ದಪ್ಪ. ರುಬ್ಬಿದರೆ ತರಿ ಉಳಿಯುತ್ತದೆ. ಹಮ್ಮಸ್‌ಗೆ ತೆಳು ಸಿಪ್ಪೆಯ ಬಿಳಿ ಕಾಬೂಲ್ ಕಡಲೆಯೇ ಸರಿ. ಅದರಲ್ಲೂ ಆ ವರ್ಷದ ಕಾಳಾದರೆ ಒಳ್ಳೆಯದು, ಹಳೆಯ ಕಾಳು ಎಷ್ಟು ಬೇಯಿಸಿದರೂ ನಡುವೆ ಗಟ್ಟಿ. ಕಡಲೆ ಗಿಡದ ಎಲೆಯ ರೋಮಗಳಿಂದ ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲ ಒಸರುತ್ತದೆ. ರಾತ್ರಿ ಗಿಡದ ಮೇಲೆ ಬಟ್ಟೆ ಹಾಸಿ, ಬೆಳಿಗ್ಗೆ ಇಬ್ಬನಿಯೊಡನೆ ಹಿಂಡಿ ಆ ಹುಳಿಯನ್ನು ಶೇಖರಿಸುವುದು ಭಾರತದ ಕಡಲೆ ಸೀಮೆಗಳ ಹಳೆಯ ರೂಢಿ. ವಿನೆಗರ್ ಹಾಕಿದ ಹಮ್ಮಸ್ ಕಸಾ ಓದಿದವರಿಗೆ, ಕಡಲೆಗೆ ಕಡಲೆಯದೇ ಹುಳಿ ಸೇರಿದರೆ ಹೇಗಿದ್ದೀತು ಎಂಬ ಆಸೆ ಹುಟ್ಟುವುದು ಖಂಡಿತ.

250 ಗ್ರಾಂ ಕಡಲೆಯನ್ನು ಧಾರಾಳ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಬೇಕು. ಬೋರ್‌ವೆಲ್‌ನ ಗಡಸು ನೀರು ಇಲ್ಲಿ ಶತ್ರು. ಅದರ ಕ್ಯಾಲ್ಸಿಯಂ ಕಾಳಿನ ಕೋಶಗಳನ್ನು ಹಿಡಿದಿಟ್ಟ ಪೆಕ್ಟಿನ್ ಅನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಕುಡಿಯಲು ಸೋಸಿದ ನೀರು ಬಳಸುವುದು ಮೇಲು. ಅಡುಗೆ ಸೋಡಾ ಇದಕ್ಕೆ ವಿರುದ್ಧ ಕೆಲಸ ಮಾಡಿ ಪೆಕ್ಟಿನ್ ಅನ್ನು ಸಡಿಲಿಸುತ್ತದೆ. ಯೋತಮ್ ಒತ್ತೊಲೆಂಗಿ ಮತ್ತು ಸಾಮಿ ತಮೀಮಿ 2012ರ ‘ಜೆರುಸಲೆಂ’ ಪುಸ್ತಕದಲ್ಲಿ ಹೇಳುವ ಕ್ರಮ ಉಪಯುಕ್ತ: ನೆನೆದ ಕಾಳನ್ನು ಬಸಿದು, ಒಂದು ಟೀ ಚಮಚ ಸೋಡಾ ಹಾಕಿ, ನೀರಿಲ್ಲದೆ ಎರಡು ಮೂರು ನಿಮಿಷ ಪಾತ್ರೆಯಲ್ಲಿ ಕೈಯಾಡಿಸಿ, ಆಮೇಲೆ ನೀರು ಹಾಕಿ ಬೇಯಿಸುವುದು. ಸೋಡಾ ನೇರವಾಗಿ ತಾಗುವುದರಿಂದ ಸಿಪ್ಪೆ ಬಿಟ್ಟುಕೊಳ್ಳುತ್ತದೆ. ಕುಕ್ಕರಿನಲ್ಲಾದರೆ ಸಣ್ಣ ಉರಿಯಲ್ಲಿ ಐದಾರು ಕೂಗು. ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿದರೆ ಕಾಳು ಒಂದಿಷ್ಟೂ ತರಿಯಿಲ್ಲದೆ ಹಿಚುಕಬೇಕು. ಉಸಲಿಗೆ ಅತಿಯಾಯಿತು ಎನ್ನುವಷ್ಟು ಬೆಂದರೇ ಹಮ್ಮಸ್‌ಗೆ ಹದ. ನೀರಿನ ಮೇಲೆ ತೇಲಿದ ಸಿಪ್ಪೆಗಳನ್ನು ತೆಗೆದು, ಬೇಯಿಸಿದ ನೀರನ್ನು ಒಂದು ಲೋಟ ಎತ್ತಿಡಬೇಕು.

ತಾಹಿನಿ ಹಮ್ಮಸ್‌ನ ಅರ್ಧ ಪ್ರಾಣ. ‘ಜೆರುಸಲೆಂ’ನಲ್ಲಿ 250 ಗ್ರಾಂ ಒಣ ಕಡಲೆಗೆ 270 ಗ್ರಾಂ ತಾಹಿನಿ ಇದೆ. ಎಳ್ಳನ್ನು ಎರಡು ಚಮಚಕ್ಕೆ ಇಳಿಸಿದ ಪಾಕಗಳು ಕಡಲೆ ಚಟ್ನಿಯಾಗುತ್ತವೆಯೇ ಹೊರತು ಹಮ್ಮಸ್ ಆಗುವುದಿಲ್ಲ. ಆದರೆ ಸೊಪ್ಪು ಸೇರುವಾಗ 200 ಗ್ರಾಂ ಸಾಕು. ಹೆಚ್ಚಾದರೆ ಸೊಪ್ಪಿನ ಘಮ ಅಡಗುತ್ತದೆ. ಮನೆಯಲ್ಲೇ ಮಾಡುವುದಾದರೆ ಸಿಪ್ಪೆ ತೆಗೆದ ಬಿಳಿ ಎಳ್ಳನ್ನು ಸಣ್ಣ ಉರಿಯಲ್ಲಿ, ಬಣ್ಣ ತಿರುಗದಂತೆ ಬೆಚ್ಚಗೆ ಹುರಿಯಬೇಕು. ಕೆಂಪಾದರೆ ಕಹಿ. ಆರಿದ ಮೇಲೆ ಮಿಕ್ಸಿಯ ಚಿಕ್ಕ ಜಾರಿನಲ್ಲಿ ಮೂರು ನಾಲ್ಕು ಚಮಚ ಎಣ್ಣೆ ಬಿಟ್ಟು, ಬಿಟ್ಟು ಬಿಟ್ಟು ತಿರುಗಿಸಿ, ದೋಸೆ ಹಿಟ್ಟಿನಂತೆ ಸುರಿಯುವ ಹದಕ್ಕೆ ತರಬೇಕು. ಇದಕ್ಕೆ ಸ್ವಲ್ಪ ನೀರು ಅಥವಾ ನಿಂಬೆರಸ ತಾಗಿದೊಡನೆ ಮುದ್ದೆಗಟ್ಟುತ್ತದೆ. ಕೆಟ್ಟಿತೆಂದು ಎಸೆಯಬಾರದು, ತಣ್ಣೀರು ಇನ್ನಷ್ಟು ಸೇರಿದರೆ ಅದೇ ಮುದ್ದೆ ಬೆಳ್ಳಗಾಗಿ ಸಡಿಲವಾಗುತ್ತದೆ.

ಬೆಳ್ಳುಳ್ಳಿಯ ಘಾಟು ಎಸಳು ಜಜ್ಜಿದಾಗ ಕಿಣ್ವವೊಂದರಿಂದ ಹುಟ್ಟುವಂಥದ್ದು. ಹುಳಿ ಆ ಕಿಣ್ವವನ್ನು ತಡೆಯುತ್ತದೆ. ಅದಕ್ಕೇ ಮೂರು ನಾಲ್ಕು ಎಸಳನ್ನು ನಾಲ್ಕು ಚಮಚ ನಿಂಬೆರಸದಲ್ಲೇ ಅರೆದು ಹತ್ತು ನಿಮಿಷ ಬಿಟ್ಟು ಸೋಸಿಕೊಂಡರೆ, ಮರುದಿನವೂ ಹಮ್ಮಸ್ ನಾರುವುದಿಲ್ಲ. ಈ ರಸವನ್ನು ತಾಹಿನಿಗೆ ಬೆರೆಸಿಟ್ಟು, ಕಡಲೆಯನ್ನು ಬಿಸಿಯಿರುವಾಗಲೇ ಬೇರೆಯಾಗಿ ರುಬ್ಬಬೇಕು. ಬಿಸಿ ಕಾಳು ನುಣ್ಣಗಾಗುವಷ್ಟು ತಣ್ಣನೆಯ ಕಾಳು ಆಗದು. ಬಳಿಕ ಎರಡನ್ನೂ ಕೂಡಿಸಿ, ಉಪ್ಪು, ಅರ್ಧ ಚಮಚ ಹುರಿದ ಜೀರಿಗೆ ಪುಡಿ, ನಾಲ್ಕಾರು ಐಸ್ ತುಂಡು ಹಾಕಿ ಐದು ನಿಮಿಷ ತಿರುಗಿಸಬೇಕು. ಗಟ್ಟಿಯೆನಿಸಿದರೆ ಎತ್ತಿಟ್ಟ ನೀರನ್ನು ಆರಿಸಿ ಒಂದೊಂದೇ ಚಮಚ ಸೇರಿಸಬಹುದು.

ಸೊಪ್ಪಿನ ಸರದಿ ಕೊನೆಗೆ, ಮಿಶ್ರಣ ಪೂರ್ತಿ ತಣಿದ ಮೇಲೆ. ಬಿಸಿ ಮತ್ತು ಹುಳಿ ಒಟ್ಟಾಗಿ ಎಲೆಯ ಹಸಿರಿನಿಂದ ಮೆಗ್ನೀಸಿಯಂ ಅನ್ನು ಕಿತ್ತು, ಬಣ್ಣವನ್ನು ಮಂಕು ಕಂದುಹಸಿರಿಗೆ ತಿರುಗಿಸುತ್ತವೆ. ಒಂದು ದೊಡ್ಡ ಹಿಡಿ ಕೊತ್ತಂಬರಿ ಸೊಪ್ಪು ಎಳೆ ದಂಟಿನ ಸಮೇತ, ಅದರ ಅರ್ಧದಷ್ಟು ಸಬ್ಬಸಿಗೆ ಅಥವಾ ಪಾರ್ಸ್ಲಿ, ಹತ್ತು ಹನ್ನೆರಡು ಪುದೀನ ಎಲೆ. ಪುದೀನ ಹೆಚ್ಚಾದರೆ ಉಳಿದೆಲ್ಲವನ್ನೂ ನುಂಗುತ್ತದೆ, ಬೇಗ ಕಪ್ಪಾಗುತ್ತದೆ. ತೊಳೆದ ಸೊಪ್ಪನ್ನು ಬಟ್ಟೆಯ ಮೇಲೆ ಹರಡಿ ನೀರು ಪೂರ್ತಿ ಆರಿಸದಿದ್ದರೆ ಹಮ್ಮಸ್ ನೀರಾಗುತ್ತದೆ. ಸೊಪ್ಪು, ನಾಲ್ಕು ಹಸಿಮೆಣಸಿನಕಾಯಿ, ಎರಡು ಚಮಚ ಆಲಿವ್ ಎಣ್ಣೆಯನ್ನು ಮೊದಲೇ ಬೇರೆ ಅರೆದಿಟ್ಟು ಕೈಯಲ್ಲಿ ಬೆರೆಸುವುದು ಮಿಕ್ಸಿಗಿಂತ ಮೇಲು. ಮೆಣಸಿನಕಾಯಿಯ ಖಾರ ಜಿಡ್ಡಿನಲ್ಲಿ ಕರಗುವಂಥದ್ದು. ತಾಹಿನಿ ಅದನ್ನು ಮೆತ್ತಗಾಗಿಸುತ್ತದೆ. ಚಟ್ನಿಗೆ ಹೆಚ್ಚೆನಿಸುವಷ್ಟು ಮೆಣಸಿನಕಾಯಿ ಇಲ್ಲಿ ಹಿತವಾಗಿರುತ್ತದೆ. ಮೇಲೆ ಉದುರಿಸಲು ಸಿರಿಯಾದ ಅಲೆಪ್ಪೊ ಮೆಣಸಿನಕಾಯಿಯ ತರಿ ಸಿಗದಿದ್ದರೆ, ಬಣ್ಣ ಹೆಚ್ಚು ಖಾರ ಕಡಿಮೆ ಇರುವ ಬ್ಯಾಡಗಿಯನ್ನು ತರಿತರಿಯಾಗಿ ಕುಟ್ಟಿದರೆ ಸಾಕು.

ಕೈರೋದ ಹಳೆಯ ಪಾಕವನ್ನೇ ಹಿಡಿಯುವವರಿಗೆ ಬೆಳ್ಳುಳ್ಳಿ, ನಿಂಬೆ, ಮೆಣಸಿನಕಾಯಿ ಮೂರೂ ಬೇಡ. ಎರಡು ಮೂರು ಚಮಚ ವಿನೆಗರ್, ಒಂದು ಚಮಚ ಹೊಸದಾಗಿ ಕುಟ್ಟಿದ ಕಾಳುಮೆಣಸು, ಹುರಿದ ಕೊತ್ತಂಬರಿ ಬೀಜ, ಚಿಟಿಕೆ ದಾಲ್ಚಿನ್ನಿ, ಚಿಟಿಕೆ ಏಲಕ್ಕಿ–ಲವಂಗದ ಪುಡಿ, ಸಣ್ಣಗೆ ಹೆಚ್ಚಿದ ಪುದೀನ, ಪಾರ್ಸ್ಲಿ, ತರಿಯಾಗಿ ಜಜ್ಜಿದ ಅಕ್ರೋಟು, ಬಾದಾಮಿ. ಮೂಲದಲ್ಲಿ ಅಳತೆಗಳಿಲ್ಲ, ಇವು ನಾಲಿಗೆ ಒಪ್ಪುವ ಅಳತೆಗಳು. ಕಡಲೆಯನ್ನು ನುಣ್ಣಗೆ ಮಾಡದೆ ಒರಳಿನಲ್ಲಿ ಜಜ್ಜಿ, ತಟ್ಟೆಯಲ್ಲಿ ಬೆರಳ ದಪ್ಪಕ್ಕೆ ಹರಡಿ, ಮುಚ್ಚಿ, ಫ್ರಿಜ್‌ನಲ್ಲಿ ರಾತ್ರಿ ಕಳೆಯಬೇಕು. ಮರುದಿನದ ಆ ರುಚಿ, ಹುಳಿ ಮತ್ತು ಮೆಣಸಿನ ಘಾಟಿನ ನಡುವೆ ದಾಲ್ಚಿನ್ನಿ ಸುಳಿದು ಹೋಗುವುದು, ಇಂದಿನ ಯಾವ ಹಮ್ಮಸ್‌ನಲ್ಲಿಯೂ ಸಿಗದು.

ಬಡಿಸುವಾಗ ತಣ್ಣಗಿರಬಾರದು. ಅಗಲ ತಟ್ಟೆಗೆ ಹಾಕಿ, ಚಮಚದ ಬೆನ್ನಿನಿಂದ ನಡುವೆ ಹಳ್ಳ ಮಾಡಿ, ಆಲಿವ್ ಎಣ್ಣೆ ತುಂಬಿ, ಎತ್ತಿಟ್ಟ ಕೆಲವು ಇಡೀ ಕಾಳು ಮತ್ತು ಸೊಪ್ಪು ಉದುರಿಸುವುದು ರೂಢಿ. ಜೊತೆಗೆ ಬಿಸಿ ರೊಟ್ಟಿ, ಹಸಿ ಈರುಳ್ಳಿ, ಉಪ್ಪಿನಲ್ಲಿಟ್ಟ ತರಕಾರಿ. ಬೆಂದ ಕಡಲೆ ಬೇಸಗೆಯಲ್ಲಿ ಬೇಗ ಹಳಸುತ್ತದೆ, ಎರಡು ತಾಸಿಗಿಂತ ಹೆಚ್ಚು ಹೊರಗಿಡಬಾರದು. ಗಾಳಿಯಾಡದ ಡಬ್ಬಿಯಲ್ಲಿ, ಮೇಲೆ ತೆಳುವಾಗಿ ಎಣ್ಣೆ ಸವರಿ ಫ್ರಿಜ್‌ನಲ್ಲಿಟ್ಟರೆ ಸಾದಾ ಹಮ್ಮಸ್ ನಾಲ್ಕು ದಿನ, ಸೊಪ್ಪು ಹಾಕಿದ್ದು ಎರಡು ಮೂರು ದಿನ ಇರುತ್ತದೆ. ತಂಪಿಗೆ ಗಟ್ಟಿಯಾದದ್ದು ಒಂದೆರಡು ಚಮಚ ಬಿಸಿನೀರು ಬೆರೆಸಿ ಕಲಸಿದರೆ ಮತ್ತೆ ಹದಕ್ಕೆ ಬರುತ್ತದೆ.